ಮೈದಾನದಲ್ಲಿ ಕೂತವರೂ ರೇಡಿಯೊದಲ್ಲಿ ಕೇಳುತ್ತಿದ್ದ ದನಿ

2022ರ ಆಗಸ್ಟ್ 2ರಂದು ವಿನ್ ಸ್ಕಲಿ ತೀರಿಕೊಂಡಾಗ ಅವರಿಗೆ 94 ವರ್ಷ. ಡಾಜರ್ಸ್ ತಂಡದ ಬೇಸ್‌ಬಾಲ್ ಪಂದ್ಯಗಳಿಗೆ 1950ರಿಂದ 2016ರವರೆಗೆ, ಒಟ್ಟು 67 ಋತು, ಕಾಮೆಂಟರಿ ಹೇಳಿದವರು ಅವರು. ಲಾಸ್ ಏಂಜಲಿಸ್ ಮನೆಯ ಹಿರಿಯರನ್ನು ಕಳೆದುಕೊಂಡಂತೆ ಅತ್ತಿತು. ಒಬ್ಬ ಕಾಮೆಂಟೇಟರ್‌ಗೆ ಒಂದು ನಗರ ಇಷ್ಟು ಒಲಿದದ್ದು ಹೇಗೆ ಎಂದು ತಿಳಿಯಲು 1958ಕ್ಕೆ ಹೋಗಬೇಕು.

ತಂಡ ನ್ಯೂಯಾರ್ಕ್‌ನ ಬ್ರೂಕ್ಲಿನ್ ಬಿಟ್ಟು ಲಾಸ್ ಏಂಜಲಿಸ್‌ಗೆ ಬಂದ ವರ್ಷ ಅದು. ಸ್ವಂತ ಕ್ರೀಡಾಂಗಣ ಇನ್ನೂ ಇರಲಿಲ್ಲ. ನಾಲ್ಕು ಋತು ಆಡಿದ್ದು ಕೊಲಿಸಿಯಂನಲ್ಲಿ. ಅದು ಓಟದ ಸ್ಪರ್ಧೆಗೂ ಫುಟ್‌ಬಾಲ್‌ಗೂ ಕಟ್ಟಿದ, 90 ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಅಂಡಾಕಾರದ ಬಯಲು. ಎಡಬದಿಯ ಬೇಲಿ ಬರೀ 251 ಅಡಿ ದೂರದಲ್ಲಿತ್ತು. ಚೆಂಡು ಸಲೀಸಾಗಿ ಬೇಲಿ ದಾಟಿ ಹೋಂ ರನ್ ಆಗದಿರಲೆಂದು ಅಲ್ಲಿ ಸುಮಾರು 40 ಅಡಿ ಎತ್ತರದ ಬಲೆ ಕಟ್ಟಿದರು. ಇನ್ನೊಂದು ತುದಿಯ ಮೇಲಿನ ಸಾಲುಗಳಿಂದ ನೋಡಿದರೆ ಆಟಗಾರರು ಇರುವೆಗಳಷ್ಟೇ. ಹೊಸ ತಂಡ, ಪರಿಚಯವಿಲ್ಲದ ಮುಖಗಳು. ಜನ ಟ್ರಾನ್ಸಿಸ್ಟರ್ ತಂದು ಕಿವಿಗೆ ಹಚ್ಚಿಕೊಂಡು, ಎದುರಿಗೇ ನಡೆಯುತ್ತಿದ್ದ ಆಟವನ್ನು ಸ್ಕಲಿಯವರಿಂದ ಕೇಳಿ ತಿಳಿದುಕೊಂಡರು. ಇಡೀ ಮೈದಾನದಲ್ಲಿ ಎಷ್ಟು ರೇಡಿಯೊಗಳೆಂದರೆ, ಜನರ ಸದ್ದು ಹಿಡಿಯಲು ಇಟ್ಟ ಮೈಕಿಗೆ ಸ್ಕಲಿಯವರದೇ ದನಿ ಮರಳಿ ಬಂದು ಎಂಜಿನಿಯರ್‌ಗಳಿಗೆ ತಲೆನೋವಾಗುತ್ತಿತ್ತು. ಟಿಕೆಟ್ ಮಾರಾಟಕ್ಕೆ ಪೆಟ್ಟು ಬೀಳುತ್ತದೆಂದು ಮಾಲೀಕ ವಾಲ್ಟರ್ ಓಮ್ಯಾಲಿ ತವರಿನ ಪಂದ್ಯಗಳನ್ನು ಟಿವಿಗೆ ಬಿಡಲಿಲ್ಲ. ಹಾಗಾಗಿ ಮನೆಯಲ್ಲಿದ್ದವರಿಗೂ ಕಾರಿನಲ್ಲಿದ್ದವರಿಗೂ ರೇಡಿಯೊ ಒಂದೇ ದಾರಿ.

1960ರಲ್ಲಿ ಒಂದು ರಾತ್ರಿ, ಅಂಪೈರ್ ಫ್ರಾಂಕ್ ಸೆಕೊರಿ ಅವರ ಹುಟ್ಟುಹಬ್ಬ ಇವತ್ತು, ನಾನು ಮೂರು ಎಣಿಸುತ್ತೇನೆ, ಎಲ್ಲರೂ ಶುಭಾಶಯ ಕೂಗಿ ಎಂದರು ಸ್ಕಲಿ. ಕ್ರೀಡಾಂಗಣ ಒಂದೇ ದನಿಯಲ್ಲಿ ಕೂಗಿತು.

ಸ್ಕಲಿಯವರಿಗೆ ಕಸುಬು ಕಲಿಸಿದ್ದು ಬ್ರೂಕ್ಲಿನ್‌ನ ಕಾಮೆಂಟೇಟರ್ ರೆಡ್ ಬಾರ್ಬರ್. ಅವರು ಮೇಜಿನ ಮೇಲೆ ಮೂರು ನಿಮಿಷದ ಮರಳು ಗಡಿಯಾರ ಇಟ್ಟುಕೊಳ್ಳುತ್ತಿದ್ದರು. ಮರಳು ಇಳಿದಾಗಲೆಲ್ಲ ಸ್ಕೋರ್ ಹೇಳುವುದು, ಗಡಿಯಾರ ತಿರುಗಿಸುವುದು. ರೇಡಿಯೊ ಕೇಳುವವರು ನಡುನಡುವೆ ಬಂದು ಸೇರಿಕೊಳ್ಳುತ್ತಾರಲ್ಲ, ಸ್ಕೋರ್ ತಿಳಿಯದಿದ್ದರೆ ಮುಂದಿನ ಯಾವ ಮಾತೂ ಅವರಿಗೆ ಹತ್ತುವುದಿಲ್ಲ. ಈ ಶಿಸ್ತಿನ ಮೇಲೆ ಸ್ಕಲಿ ತಮ್ಮದೇ ರೀತಿ ಕಟ್ಟಿಕೊಂಡರು. ಡಾಜರ್ಸ್ ಪಂದ್ಯಗಳಲ್ಲಿ ಅವರು ಒಬ್ಬರೇ ಕೂರುತ್ತಿದ್ದರು. ಇಬ್ಬರು ಕೂತರೆ ಮಾತು ಅವರವರ ನಡುವೆಯೇ ಸುತ್ತತೊಡಗುತ್ತದೆ, ಕೇಳುವವರು ಹೊರಗಿನವರಾಗುತ್ತಾರೆ. ಒಬ್ಬರೇ ಇದ್ದರೆ ಮಾತೆಲ್ಲ ಕೇಳುಗರ ಜೊತೆಗೇ. ಇದರಲ್ಲಿ ತೊಡಕೂ ಉಂಟು. ಆಟಗಾರನ ಕಥೆ ಹೇಳುವಾಗ ಚೆಂಡು ಬ್ಯಾಟಿಗೆ ತಾಗಿದರೆ ಕಥೆಯನ್ನು ಅಲ್ಲೇ ತುಂಡರಿಸಿ, ಆಟ ಹೇಳಿ, ಬಿಟ್ಟ ಎಳೆಯನ್ನು ಮತ್ತೆ ಹಿಡಿಯಬೇಕು. ಸ್ಕಲಿ ಅದನ್ನು ಎಸೆತ ಎಸೆತಗಳ ಬಿಡುವಿನಲ್ಲಿ ಹೆಣೆಯುತ್ತಿದ್ದರು.

ಇನ್ನೊಂದು ವಿದ್ಯೆ ಸುಮ್ಮನಿರುವುದು. 1974ರ ಏಪ್ರಿಲ್ 8ರಂದು ಅಟ್ಲಾಂಟಾದಲ್ಲಿ ಹ್ಯಾಂಕ್ ಆರನ್ 715ನೇ ಹೋಂ ರನ್ ಹೊಡೆದು ಬೇಬ್ ರೂತ್ ದಾಖಲೆ ಮುರಿದಾಗ ಸ್ಕಲಿ ಹೆಡ್‌ಸೆಟ್ ತೆಗೆದಿಟ್ಟು ಕೋಣೆಯ ಹಿಂಬದಿಗೆ ಹೋದರು. ಜನರ ಆರ್ಭಟವೇ ಪ್ರಸಾರವಾಯಿತು. ಮರಳಿ ಬಂದು ಅವರು ಹೇಳಿದ್ದು, ಅಮೆರಿಕದ ದಕ್ಷಿಣ ನಾಡಿನಲ್ಲಿ ಒಬ್ಬ ಕಪ್ಪು ಮನುಷ್ಯನಿಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ ಎಂದು. ಅಂಕಿಅಂಶಕ್ಕಿಂತ ಆ ಹೊತ್ತಿಗೆ ಬೇಕಿದ್ದದ್ದು ಆ ಮಾತೇ.

1965ರ ಸೆಪ್ಟೆಂಬರ್ 9ರ ಪ್ರಸಾರವನ್ನಂತೂ ಕಲಿಯುವವರು ಈಗಲೂ ಕೇಳಬೇಕು. ಡಾಜರ್ಸ್‌ನ ಪಿಚರ್, ಅಂದರೆ ಚೆಂಡು ಎಸೆಯುವ ಆಟಗಾರ, ಸ್ಯಾಂಡಿ ಕೂಫ್ಯಾಕ್ಸ್ ಶಿಕಾಗೊ ಕಬ್ಸ್‌ನ 27 ಬ್ಯಾಟರ್‌ಗಳಲ್ಲಿ ಒಬ್ಬರನ್ನೂ ಓಡಿ ಸೇರಬೇಕಾದ ಬೇಸ್ ಮುಟ್ಟಲು ಬಿಡದೆ ಗೆದ್ದ ರಾತ್ರಿ ಅದು. ಕೊನೆಯ ಇನಿಂಗ್ಸ್‌ನಲ್ಲಿ ಸ್ಕಲಿ ಗಂಟೆ ಎಷ್ಟಾಯಿತೆಂದು ಮತ್ತೆ ಮತ್ತೆ ಹೇಳುತ್ತಾರೆ, ಮುಗಿದಾಗ 9:46. ಆ ಪ್ರಸಾರದ ಧ್ವನಿ ಮುದ್ರಿಸಿ ಕೂಫ್ಯಾಕ್ಸ್‌ಗೆ ನೆನಪಿಗೆ ಕೊಡುವ ಉದ್ದೇಶವಿತ್ತು, ದಿನಾಂಕವೂ ಹೊತ್ತೂ ಅದರಲ್ಲೇ ದಾಖಲಾಗಲಿ ಎಂದು ಹಾಗೆ ಮಾಡಿದ್ದರು.

ಕೊನೆಯ ವರ್ಷಗಳಲ್ಲಿ ಈ ನಂಟಿಗೆ ನೋವಿನ ಅಡ್ಡಿ ಬಂತು. 2014ರಲ್ಲಿ ಪಂದ್ಯಗಳು ಹೊಸ ಚಾನೆಲ್‌ಗೆ ಹೋದವು. ದರದ ಜಗ್ಗಾಟದಲ್ಲಿ ಬಹುತೇಕ ಕೇಬಲ್, ಉಪಗ್ರಹ ಕಂಪನಿಗಳು ಅದನ್ನು ಕೊಡಲಿಲ್ಲ. ನಗರದ ಬಹುಪಾಲು ಮನೆಗಳಿಗೆ ರೇಡಿಯೊದಲ್ಲೂ ಬರುತ್ತಿದ್ದ ಮೊದಲ ಮೂರು ಇನಿಂಗ್ಸ್ ಮಾತ್ರ ಉಳಿದವು. 2016ರ ಕೊನೆಯ ಆರು ಪಂದ್ಯಗಳನ್ನು ಎಲ್ಲರಿಗೂ ಸಿಗುವ ಕೆಟಿಎಲ್‌ಎ ವಾಹಿನಿ ತೋರಿಸಿತು. ಅಕ್ಟೋಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅವರು ಮೈಕ್ ಕೆಳಗಿಟ್ಟರು.

ಕೊಲಿಸಿಯಂನ ಆ ಅಭ್ಯಾಸವನ್ನು ಇಂದು ಮೊಬೈಲ್‌ನಲ್ಲಿ ಹಾಗೆಯೇ ನಡೆಸಲಾಗದು. ಅಂದಿನ ಎಎಂ ಪ್ರಸಾರ ಬಾಯಿಂದ ಹೊರಟ ಕ್ಷಣವೇ ಕಿವಿ ಸೇರುತ್ತಿತ್ತು. 500 ಅಡಿ ದೂರಕ್ಕೆ ಬ್ಯಾಟಿನ ಸದ್ದು ಬರಲೇ ಸುಮಾರು ಅರ್ಧ ಸೆಕೆಂಡ್ ಬೇಕು. ಈಗ ಅಂತರ್ಜಾಲದ ಪ್ರಸಾರ ಹಲವು ಸೆಕೆಂಡ್ ತಡ. ಕಿವಿಯಲ್ಲಿ ಪಿಚರ್ ಇನ್ನೂ ಕೈ ಎತ್ತುತ್ತಿರುವಾಗ ಎದುರಿಗೆ ಚೆಂಡು ಆಗಲೇ ಬೇಲಿ ದಾಟಿರುತ್ತದೆ.