ಕ್ರಿಕೆಟ್ ಗೇಮ್‌ನಲ್ಲಿ ಆಟಗಾರನ ಸಾಮರ್ಥ್ಯಕ್ಕೆ ಅಂಕ ಹಾಕುವುದು ಹೇಗೆ?

ಕ್ರೀಡಾ ವಿಡಿಯೊ ಗೇಮ್‌ನ ಹೊಸ ಆವೃತ್ತಿ ಬಂದಾಗ ಒಂದು ಪಂದ್ಯವನ್ನೂ ಆಡುವ ಮೊದಲೇ ಜನ ತೆರೆದು ನೋಡುವುದು ಆಟಗಾರರ ಪಟ್ಟಿಯನ್ನು. ಮೆಚ್ಚಿನ ಬ್ಯಾಟರ್‌ಗೆ 86 ಬಂದಿದೆಯೋ 89 ಬಂದಿದೆಯೋ, ಎದುರು ತಂಡದವನಿಗೆ ಒಂದಂಕ ಹೆಚ್ಚಾದದ್ದೇಕೆ ಎಂಬ ಜಗಳ ಅಲ್ಲಿಂದಲೇ ಶುರುವಾಗುತ್ತದೆ. ಇಂಥ ಅಂಕಗಳನ್ನು ಸಿದ್ಧಪಡಿಸುವ ಕೆಲಸದಲ್ಲಿರುವ ನನಗೆ ಆ ಜಗಳದ ಬಿಸಿ ಅರ್ಥವಾಗುತ್ತದೆ. ಆದರೆ ಅಂಕವನ್ನು ಮರ್ಯಾದೆಯ ಅಳತೆ ಎಂದು ತಿಳಿದಾಗ ಮಾತ್ರ ಹುಟ್ಟುವ ಜಗಳ ಅದು. ಗೇಮ್‌ನ ಒಳಗೆ ಆ ಅಂಕಕ್ಕಿರುವ ಕೆಲಸ ಬಹಳ ಸಣ್ಣದು: ಮುಂದಿನ ಎಸೆತದಲ್ಲಿ ರನ್ ಬರುವ, ಚೆಂಡು ತಪ್ಪುವ ಅಥವಾ ವಿಕೆಟ್ ಬೀಳುವ ಸಂಭವ ಎಷ್ಟೆಂದು ಕಂಪ್ಯೂಟರ್‌ಗೆ ತಿಳಿಸುವುದು. ಹಾಗಾಗಿ ಅಂಕ ಸರಿಯೇ ತಪ್ಪೇ ಎಂದು ತೀರ್ಮಾನಿಸಲು ನಾನು ನಂಬುವ ಪರೀಕ್ಷೆಯೂ ಅಷ್ಟೇ ಸರಳವಾದದ್ದು. ಆ ಅಂಕಗಳನ್ನು ತುಂಬಿಸಿ, ಸಾವಿರಾರು ಪಂದ್ಯಗಳನ್ನು ಕಂಪ್ಯೂಟರ್ ತಾನೇ ಆಡಿಕೊಳ್ಳಲು ಬಿಟ್ಟಾಗ ಹೊರಬರುವ ಸ್ಕೋರ್‌ಕಾರ್ಡ್‌ಗಳು ಆ ಆಟಗಾರನ ನಿಜವಾದ ಸ್ಕೋರ್‌ಕಾರ್ಡ್‌ಗಳನ್ನು ಹೋಲಬೇಕು.

‘ಬ್ಯಾಟಿಂಗ್’ ಎಂಬ ಒಂದೇ ಅಂಕ ಈ ಪರೀಕ್ಷೆಯಲ್ಲಿ ಮೊದಲ ಹೆಜ್ಜೆಗೇ ಎಡವುತ್ತದೆ. ರಾಹುಲ್ ದ್ರಾವಿಡ್ ಅವರ ಟೆಸ್ಟ್ ಸರಾಸರಿ, ಅಂದರೆ ಒಂದು ಸಲ ಔಟಾಗುವುದರೊಳಗೆ ಗಳಿಸಿದ ರನ್, 52.31, ವೀರೇಂದ್ರ ಸೆಹ್ವಾಗ್ ಅವರದು 49.34. ಸರಾಸರಿಯನ್ನೇ ಅಂಕವನ್ನಾಗಿ ಬದಲಿಸಿದರೆ ಇಬ್ಬರೂ ಅಕ್ಕಪಕ್ಕದಲ್ಲಿ ನಿಲ್ಲುತ್ತಾರೆ, ಗೇಮ್‌ನಲ್ಲಿ ಇಬ್ಬರೂ ಒಂದೇ ಬಗೆಯಲ್ಲಿ ಆಡುತ್ತಾರೆ. ಆದರೆ ನೂರು ಎಸೆತಗಳಿಗೆ ದ್ರಾವಿಡ್ ಗಳಿಸಿದ್ದು 42.51 ರನ್, ಸೆಹ್ವಾಗ್ ಗಳಿಸಿದ್ದು 82.23. ಸರಾಸರಿಯನ್ನು ಒಂದು ಎಸೆತಕ್ಕೆ ಬಂದ ರನ್ನಿನಿಂದ ಭಾಗಿಸಿ ನೋಡಿದರೆ ದ್ರಾವಿಡ್ ಸುಮಾರು 123 ಎಸೆತಗಳಿಗೊಮ್ಮೆ ಔಟಾಗುತ್ತಿದ್ದರು, ಸೆಹ್ವಾಗ್ 60 ಎಸೆತಗಳಿಗೊಮ್ಮೆ ಎಂದು ತಿಳಿಯುತ್ತದೆ. ಸರಾಸರಿ ಎಂಬುದು ಎರಡು ಬೇರೆ ಬೇರೆ ಸಾಮರ್ಥ್ಯಗಳ ಗುಣಲಬ್ಧ. ಔಟಾಗದೆ ಉಳಿಯುವುದು ಒಂದು, ಉಳಿದಷ್ಟು ಹೊತ್ತು ರನ್ ಗಳಿಸುವುದು ಇನ್ನೊಂದು. ಗೇಮ್‌ಗೆ ಬೇಕಾಗಿರುವುದು ಈ ಎರಡೂ, ಪ್ರತ್ಯೇಕವಾಗಿ.

ಹೀಗೆ ಬಿಡಿಸಿಟ್ಟರೆ ಪಂದ್ಯದ ಮಾದರಿಗೆ ತಕ್ಕಂತೆ ಬೆಲೆ ಬದಲಾಗುವುದೂ ತಾನಾಗಿಯೇ ಕಾಣುತ್ತದೆ. ಟಿ20 ಇನ್ನಿಂಗ್ಸ್‌ನಲ್ಲಿ 120 ಎಸೆತಗಳಿಗೆ ಹತ್ತು ವಿಕೆಟ್ ಇರುತ್ತವೆ, ಅಂದರೆ ಹನ್ನೆರಡು ಎಸೆತಗಳಿಗೆ ಒಂದು ವಿಕೆಟ್ ಕಳೆದುಕೊಂಡರೂ ತಂಡ ಪೂರ್ತಿ ಓವರ್‌ಗಳನ್ನು ಆಡಿ ಮುಗಿಸುತ್ತದೆ. ಅಲ್ಲಿ 123 ಎಸೆತ ಉಳಿಯುವ ಶಕ್ತಿಗೆ ಬೆಲೆ ಕಡಿಮೆ. ಟೆಸ್ಟ್ ಪಂದ್ಯದ ಮೊದಲ ದಿನ ಬೆಳಿಗ್ಗೆ ಅದಕ್ಕಿಂತ ದುಬಾರಿಯಾದ ಸಾಮರ್ಥ್ಯ ಇನ್ನೊಂದಿಲ್ಲ. ಆದ್ದರಿಂದ ಪಟ್ಟಿಯ ಮೇಲುಗಡೆ ದಪ್ಪಕ್ಷರದಲ್ಲಿ ಕಾಣುವ ‘ಒಟ್ಟು’ ಅಂಕವನ್ನು ಆಟಗಾರನ ಹೆಸರಿಗೆ ಅಂಟಿಸಿ ಇಡಬಾರದು, ಆಡುತ್ತಿರುವ ಪಂದ್ಯದ ಮಾದರಿಗೆ ಅನುಗುಣವಾಗಿ ಆಗಿಂದಾಗ ಲೆಕ್ಕ ಹಾಕಿ ತೋರಿಸಬೇಕು ಎಂಬುದು ನನ್ನ ಅಭಿಪ್ರಾಯ. ಎಸ್ಸೆಸ್ಸೆಲ್ಸಿಯ ಒಟ್ಟು ಅಂಕ ನೋಡಿ ಹುಡುಗನಿಗೆ ಗಣಿತ ಬರುತ್ತದೆಯೇ ಎಂದು ಹೇಳಲಾಗದ ಹಾಗೆಯೇ ಇದೂ. ಫುಟ್‌ಬಾಲ್ ಮ್ಯಾನೇಜರ್ ಗೇಮ್ ಇದನ್ನು ಬಹಳ ಹಿಂದೆಯೇ ಅರಿತಿತ್ತು. ಅಲ್ಲಿ ಪ್ರತಿ ಕೌಶಲಕ್ಕೂ 1ರಿಂದ 20ರವರೆಗಿನ ಬಿಡಿ ಅಂಕಗಳು ಕಾಣುತ್ತವೆ, 200ರವರೆಗಿನ ಒಟ್ಟು ಸಾಮರ್ಥ್ಯದ ಅಂಕವನ್ನು ಮಾತ್ರ ಆಡುವವನಿಂದ ಮರೆಮಾಡಲಾಗಿರುತ್ತದೆ. ಇಎ ಸಂಸ್ಥೆಯ ಫುಟ್‌ಬಾಲ್ ಗೇಮ್‌ಗಳು ಇದಕ್ಕೆ ತದ್ವಿರುದ್ಧ ದಾರಿ ಹಿಡಿದು, ವೇಗ, ಶೂಟಿಂಗ್, ಪಾಸಿಂಗ್, ಡ್ರಿಬ್ಲಿಂಗ್, ರಕ್ಷಣೆ, ದೈಹಿಕ ಶಕ್ತಿ ಎಂಬ ಆರು ಅಂಕಗಳನ್ನೂ ಅವುಗಳ ತಲೆಯ ಮೇಲೊಂದು ಒಟ್ಟು ಅಂಕವನ್ನೂ ಕಾರ್ಡಿನ ಮೇಲೆ ಅಚ್ಚು ಹಾಕಿ ಮಾರುತ್ತವೆ. ವ್ಯಾಪಾರಕ್ಕೆ ಯಾವುದು ಅನುಕೂಲವೆಂದು ಬೇರೆ ಹೇಳಬೇಕಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಪ್ರತಿ ಎಸೆತಕ್ಕೂ ಔಟಾಗುವ ಸಂಭವವನ್ನು ಒಂದೇ ಸಮನಾಗಿ ಇಟ್ಟರೆ ಸರಾಸರಿ ಸರಿಯಾಗಿಯೇ ಬರುತ್ತದೆ, ಆದರೆ ಸ್ಕೋರ್‌ಕಾರ್ಡ್ ಮಾತ್ರ ಸುಳ್ಳಾಗಿ ಕಾಣುತ್ತದೆ. ಸೊನ್ನೆಗಳು ಕಡಿಮೆಯಾಗುತ್ತವೆ, ಮೂವತ್ತು ನಲವತ್ತರ ಸಾಧಾರಣ ಇನ್ನಿಂಗ್ಸ್‌ಗಳು ಹೆಚ್ಚಾಗುತ್ತವೆ. ನಿಜವಾದ ಬ್ಯಾಟರ್ ಅತಿ ಹೆಚ್ಚು ಅಪಾಯದಲ್ಲಿರುವುದು ಮೊದಲ ಕೆಲವು ಓವರ್‌ಗಳಲ್ಲಿ. ಕ್ರೀಸ್‌ನಲ್ಲಿ ನೆಲೆಯೂರಲು ಯಾರಿಗೆ ಎಷ್ಟು ಹೊತ್ತು ಬೇಕು ಎಂಬುದಕ್ಕೇ ಪ್ರತ್ಯೇಕ ಅಂಕವಿರಬೇಕು.

ಈಗ ಕನ್ನಡಿಗರಿಗೆ ಹೆಚ್ಚು ನೋಯುವ ವಿಷಯಕ್ಕೆ ಬರುತ್ತೇನೆ. 2016ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ ಕರುಣ್ ನಾಯರ್ ತಮ್ಮ ಮೂರನೆಯ ಟೆಸ್ಟ್‌ನಲ್ಲೇ ಅಜೇಯ 303 ಗಳಿಸಿದರು. ಆರು ಟೆಸ್ಟ್ ಆಡಿ ತಂಡದಿಂದ ಹೊರಬಿದ್ದಾಗ ಅವರ ಖಾತೆಯಲ್ಲಿದ್ದದ್ದು 374 ರನ್, ಸರಾಸರಿ 62.33. ಅವರನ್ನು ಕೈಬಿಟ್ಟದ್ದು ನ್ಯಾಯವೇ ಎಂಬುದು ಬೇರೆ ಚರ್ಚೆ, ಅದರಲ್ಲಿ ನನಗೂ ಪಕ್ಷಪಾತವಿದೆ. ಆದರೆ ಗೇಮ್‌ಗೆ ಅಂಕ ಹಾಕುವವನು ಆ 62.33ನ್ನು ಹಾಗೆಯೇ ತೆಗೆದುಕೊಂಡರೆ ಕರುಣ್ ಅವರು ಸಚಿನ್ ತೆಂಡೂಲ್ಕರ್ ಅವರಿಗಿಂತ ಬಹಳ ಮೇಲೆ ಕೂರುತ್ತಾರೆ. ಅಷ್ಟೇ ಅಲ್ಲ, 17 ಟೆಸ್ಟ್‌ಗಳಲ್ಲಿ 54.20ರ ಸರಾಸರಿ ಇಟ್ಟುಕೊಂಡ ವಿನೋದ್ ಕಾಂಬ್ಳಿ ಕೂಡ, 200 ಟೆಸ್ಟ್‌ಗಳಲ್ಲಿ 53.78 ಇಟ್ಟುಕೊಂಡ ತಮ್ಮ ಬಾಲ್ಯದ ಗೆಳೆಯನಿಗಿಂತ ಒಂದು ಮೆಟ್ಟಿಲು ಮೇಲಾಗುತ್ತಾರೆ.

ಇದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಹಳೆಯ ಮದ್ದಿದೆ. ಪ್ರತಿಯೊಬ್ಬ ಬ್ಯಾಟರ್‌ನ ದಾಖಲೆಗೂ, ಆತ ಸಾಧಾರಣ ಟೆಸ್ಟ್ ಬ್ಯಾಟರ್‌ನ ಮಟ್ಟದಲ್ಲಿ 30 ಸಲ ಔಟಾಗಿದ್ದಾನೆಂಬ ಒಂದು ಕಾಲ್ಪನಿಕ ದಾಖಲೆಯನ್ನು ಸೇರಿಸಬೇಕು. ಆ ಸಾಧಾರಣ ಮಟ್ಟವನ್ನು 38 ಎಂದು ಇಟ್ಟುಕೊಂಡರೆ ಅದು 30 ವಿಕೆಟ್‌ಗೆ 1,140 ರನ್. ಈ 30 ಮತ್ತು 38 ನನ್ನ ಆಯ್ಕೆಗಳು, ಅವುಗಳ ಬಗ್ಗೆ ವಾದಿಸಬಹುದು. ವಿಧಾನದ ಬಗ್ಗೆ ವಾದಿಸುವುದು ಕಷ್ಟ. ಹೀಗೆ ಸೇರಿಸಿದಾಗ 296 ಸಲ ಔಟಾಗಿದ್ದ ತೆಂಡೂಲ್ಕರ್ ಅವರ ಅಂದಾಜು 52.3ಕ್ಕಷ್ಟೇ ಇಳಿಯುತ್ತದೆ, ಏಕೆಂದರೆ ಅವರ ಸ್ವಂತ ದಾಖಲೆಯ ತೂಕದ ಮುಂದೆ ಕಾಲ್ಪನಿಕ ದಾಖಲೆ ಹಗುರ. 20 ಸಲ ಮಾತ್ರ ಔಟಾಗಿದ್ದ ಕಾಂಬ್ಳಿ 44.5ಕ್ಕೆ ಬರುತ್ತಾರೆ. ಆರು ಸಲ ಔಟಾಗಿದ್ದ ಕರುಣ್ 42ಕ್ಕೆ ಬರುತ್ತಾರೆ. ಎಂಟು ವರ್ಷಗಳ ನಂತರ, 2025ರಲ್ಲಿ ಮರಳಿ ಬಂದ ಕರುಣ್ ಇಂಗ್ಲೆಂಡ್‌ನಲ್ಲಿ ನಾಲ್ಕು ಟೆಸ್ಟ್‌ಗಳ ಎಂಟು ಇನ್ನಿಂಗ್ಸ್‌ಗಳಲ್ಲಿ 205 ರನ್ ಗಳಿಸಿದರು. ಅದನ್ನೂ ಸೇರಿಸಿದರೆ ಅವರ ಬರಿಯ ಸರಾಸರಿ 62ರಿಂದ 41ಕ್ಕೆ ಕುಸಿಯುತ್ತದೆ. ನಮ್ಮ ಅಂದಾಜು 42ರಿಂದ 39ಕ್ಕೆ ಸರಿಯುತ್ತದೆ, ಅಷ್ಟೆ. ಹೊಸ ಮಾಹಿತಿ ಬಂದಾಗ ಕಡಿಮೆ ಅಲುಗುವ ಅಂದಾಜೇ ಗೇಮ್‌ಗೆ ಬೇಕಾದದ್ದು.

ವಾರಕ್ಕೊಮ್ಮೆ ಅಂಕಗಳನ್ನು ಏರಿಳಿಸುವ ಈಗಿನ ರೂಢಿ ನನಗೆ ಒಪ್ಪಿಗೆಯಾಗದಿರುವುದೂ ಇದೇ ಕಾರಣಕ್ಕೆ. ಒಂದು ಶತಕದಿಂದ ಸಾಮರ್ಥ್ಯ ಬದಲಾಗುವುದಿಲ್ಲ, ಸಾಮರ್ಥ್ಯದ ಬಗ್ಗೆ ನಮಗಿರುವ ತಿಳಿವಳಿಕೆ ತುಸು ಬದಲಾಗುತ್ತದೆ. ಆದರೆ ಒಂದು ಇನ್ನಿಂಗ್ಸ್ ಎಷ್ಟು ಕಷ್ಟದಲ್ಲಿ ಬಂತು ಎಂಬುದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. 1975ರ ಜನವರಿಯಲ್ಲಿ ಚೆಪಾಕ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಭಾರತ 190ಕ್ಕೆ ಆಲೌಟಾದಾಗ ಅದರಲ್ಲಿ ಅಜೇಯ 97 ಜಿ.ಆರ್. ವಿಶ್ವನಾಥ್ ಅವರದು, ಆ್ಯಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತಿದ್ದರು. ತಂಡದ ಅರ್ಧಕ್ಕಿಂತ ಹೆಚ್ಚು ರನ್ ಒಬ್ಬನದೇ ಆದ ಆ ಇನ್ನಿಂಗ್ಸ್ ದಾಖಲೆ ಪುಸ್ತಕದಲ್ಲಿ ಶತಕದ ಪಟ್ಟಿಗೂ ಸೇರುವುದಿಲ್ಲ. ಅದೇ ಪಂದ್ಯದಲ್ಲಿ, ಅದೇ ಬೌಲರ್‌ಗಳ ಎದುರು ಉಳಿದವರು ಗಳಿಸಿದ್ದಕ್ಕೆ ಹೋಲಿಸಿ ತೂಗಿದರೆ ಮಾತ್ರ ಅದರ ಬೆಲೆ ಗೇಮ್‌ನೊಳಗೆ ಬರುತ್ತದೆ.

ಬೌಲಿಂಗ್ ಇನ್ನೂ ತೊಡಕಿನದು. ಅನಿಲ್ ಕುಂಬ್ಳೆ 132 ಟೆಸ್ಟ್‌ಗಳಲ್ಲಿ 619 ವಿಕೆಟ್ ಪಡೆದರು, ಸರಾಸರಿ (ಒಂದು ವಿಕೆಟ್‌ಗೆ ಕೊಟ್ಟ ರನ್) 29.65, ಸುಮಾರು 66 ಎಸೆತಗಳಿಗೊಂದು ವಿಕೆಟ್. ಬಿ.ಎಸ್. ಚಂದ್ರಶೇಖರ್ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದರು, ಸರಾಸರಿ 29.74, ಅವರದೂ ಸುಮಾರು 66 ಎಸೆತಗಳಿಗೊಂದು ವಿಕೆಟ್. ಇಬ್ಬರೂ ಕರ್ನಾಟಕದವರು, ಇಬ್ಬರೂ ವೇಗವಾಗಿ ಎಸೆಯುವ ಲೆಗ್ ಸ್ಪಿನ್ನರ್‌ಗಳು. ಫಲಿತಾಂಶದಿಂದ ಮಾತ್ರ ಅಂಕ ಹಾಕಿದರೆ ಇವರಿಬ್ಬರೂ ಗೇಮ್‌ನಲ್ಲಿ ಒಬ್ಬನೇ ಬೌಲರ್ ಆಗಿಬಿಡುತ್ತಾರೆ; ನಾನು ಮೇಲೆ ಹೇಳಿದ ಸ್ಕೋರ್‌ಕಾರ್ಡ್ ಪರೀಕ್ಷೆಯಲ್ಲಿ ಅದು ಪಾಸೂ ಆಗುತ್ತದೆ. ಇಬ್ಬರ ಬೌಲಿಂಗನ್ನೂ ಕಂಡವರು ಮಾತ್ರ ಅದನ್ನು ಒಪ್ಪಲಾರರು. ಪೋಲಿಯೊದಿಂದ ಕೃಶವಾದ ಬಲಗೈಯಿಂದಲೇ ಎಸೆಯುತ್ತಿದ್ದ ಚಂದ್ರಶೇಖರ್ ಅವರ ಗೂಗ್ಲಿ ಆಡಲಾಗದಂತೆ ಬರುತ್ತಿತ್ತು, ಅದರ ಹಿಂದೆಯೇ ಹೊಡೆಯಲು ಸಿಗುವ ಸಡಿಲ ಎಸೆತವೂ ಬರುತ್ತಿತ್ತು. ಕುಂಬ್ಳೆ ಚೆಂಡನ್ನು ಹೆಚ್ಚು ತಿರುಗಿಸುತ್ತಿರಲಿಲ್ಲ. ಎತ್ತರ, ಬೌನ್ಸ್, ಫ್ಲಿಪ್ಪರ್ ಹಾಗೂ ದಿನವಿಡೀ ಕದಲದ ಲೆಂಗ್ತ್ ಅವರ ಬಂಡವಾಳ. ‘ಸ್ಪಿನ್’ ಎಂಬ ಅಂಕಕ್ಕೆ ಚೆಂಡು ಎಷ್ಟು ತಿರುಗುತ್ತದೆ ಎಂಬ ಒಂದೇ ಅರ್ಥ ಕೊಟ್ಟ ಗೇಮ್‌ನಲ್ಲಿ, ಭಾರತದ ಪರ ಅತಿ ಹೆಚ್ಚು ಟೆಸ್ಟ್ ವಿಕೆಟ್ ಪಡೆದವರು ಸಾಧಾರಣ ಸ್ಪಿನ್ನರ್ ಎನಿಸಿಕೊಳ್ಳುತ್ತಾರೆ.

ಆದ್ದರಿಂದ ಬೌಲರ್‌ಗೆ ಅಂಕ ಹಾಕುವಾಗ ಕಾರಣಗಳಿಗೆ ಹಾಕಬೇಕು: ವೇಗ, ತಿರುವು, ಬೌನ್ಸ್, ಗುರಿಯಿಟ್ಟ ಜಾಗದಿಂದ ಚೆಂಡು ಎಷ್ಟು ಆಚೀಚೆ ಬೀಳುತ್ತದೆ ಎಂಬ ಚದುರುವಿಕೆ, ಕೈಯಿಂದ ಚೆಂಡನ್ನು ಗುರುತಿಸುವುದು ಬ್ಯಾಟರ್‌ಗೆ ಎಷ್ಟು ಕಷ್ಟ ಎಂಬುದು. ಫಲಿತಾಂಶ ಅವುಗಳಿಂದ ತಾನಾಗಿ ಹುಟ್ಟಿಬರಬೇಕು, ಹುಟ್ಟಿದ್ದನ್ನು ದಾಖಲೆಯೊಂದಿಗೆ ತಾಳೆ ನೋಡಬೇಕು. ಚಂದ್ರಶೇಖರ್ ಅವರಿಗೆ ಚದುರುವಿಕೆ ದೊಡ್ಡದು, ಗುರುತಿಸುವ ಕಷ್ಟವೂ ದೊಡ್ಡದು; ಕುಂಬ್ಳೆ ಅವರಿಗೆ ಚದುರುವಿಕೆ ತೀರ ಸಣ್ಣದು. ಇವರಿಬ್ಬರೂ 66 ಎಸೆತಗಳಿಗೊಂದು ವಿಕೆಟ್ ತಲುಪುವ ದಾರಿಗಳು ಬೇರೆಯಾದಾಗ ಆಡುವವನ ಅನುಭವವೂ ಬೇರೆಯಾಗುತ್ತದೆ. ಚೆಂಡಿನ ಹಾದಿಯನ್ನು ಕ್ಯಾಮೆರಾಗಳಿಂದ ಅಳೆಯುವ ಹಾಕ್-ಐ ತಂತ್ರಜ್ಞಾನ ಕ್ರಿಕೆಟ್ ಪ್ರಸಾರಕ್ಕೆ ಬಂದದ್ದು 2001ರಲ್ಲಿ, ಹಾಗಾಗಿ ಹಳಬರ ವಿಷಯದಲ್ಲಿ ಉಳಿದಿರುವ ಚಲನಚಿತ್ರ ತುಣುಕುಗಳನ್ನೂ ಅವರನ್ನು ಎದುರಿಸಿದವರ ಮಾತುಗಳನ್ನೂ ಸಂಖ್ಯೆಯಾಗಿ ಬದಲಿಸುವ ಒರಟು ಕೆಲಸ ತಪ್ಪುವುದಿಲ್ಲ.

ಇಲ್ಲಿ ಒಂದು ಬಲೆಯಿದೆ. ಕುಂಬ್ಳೆ ಅವರ 619 ವಿಕೆಟ್‌ಗಳಲ್ಲಿ 350 ತವರಿನಲ್ಲಿ ಬಂದವು, ಅಲ್ಲಿ ಅವರ ಸರಾಸರಿ 25ಕ್ಕಿಂತ ಕಡಿಮೆ. ಹೊರದೇಶಗಳಲ್ಲಿ 35ಕ್ಕಿಂತ ಹೆಚ್ಚು. ಗೇಮ್‌ನಲ್ಲಿ ದೆಹಲಿಯ ಪಿಚ್‌ಗೆ ಈಗಾಗಲೇ ಸ್ಪಿನ್ನರ್‌ಗೆ ನೆರವಾಗುವ ಗುಣ ಕೊಟ್ಟಿದ್ದರೆ, ತವರಿನ ದಾಖಲೆಯನ್ನು ಕುಂಬ್ಳೆ ಅವರ ಅಂಕದಲ್ಲೂ ಸೇರಿಸುವುದು ಒಂದೇ ಲಾಭವನ್ನು ಎರಡು ಸಲ ಎಣಿಸಿದಂತೆ. ಪಿಚ್‌ನದ್ದನ್ನು ಪಿಚ್‌ಗೆ, ಬೌಲರ್‌ನದ್ದನ್ನು ಬೌಲರ್‌ಗೆ ಮೊದಲೇ ಹಂಚಿಡಬೇಕು.

ಮಾಪಕದ ಉದ್ದವೂ ಮುಖ್ಯ. ಟೆಸ್ಟ್ ಬ್ಯಾಟಿಂಗ್‌ನ ಒಂದು ತುದಿಯಲ್ಲಿ 99.94ರ ಬ್ರಾಡ್ಮನ್, ಇನ್ನೊಂದು ತುದಿಯಲ್ಲಿ 58 ಟೆಸ್ಟ್‌ಗಳಲ್ಲಿ 167 ರನ್ ಗಳಿಸಿ 4.07ರ ಸರಾಸರಿಯಲ್ಲಿ ಮುಗಿಸಿದ ಅದೇ ಚಂದ್ರಶೇಖರ್; ಪಡೆದ ವಿಕೆಟ್‌ಗಳಿಗಿಂತ ಗಳಿಸಿದ ರನ್ ಕಡಿಮೆ. ಇಬ್ಬರೂ ಒಂದೇ ಮಾಪಕದಲ್ಲಿ ಹಿಡಿಸಬೇಕು. ಆದರೆ ತಾರೆಯರೆಲ್ಲ 90ರ ಮೇಲಿರಲಿ, ಯಾರೂ 60ರ ಕೆಳಗೆ ಇಳಿದು ಅಭಿಮಾನಿಗಳು ಮುನಿಯುವುದು ಬೇಡ ಎಂಬ ಒತ್ತಡ ಮಾರಾಟದ ಕಡೆಯಿಂದ ಬಂದೇ ಬರುತ್ತದೆ. ಆಗ ಎಲ್ಲರೂ ಮೇಲಿನ ನಲವತ್ತು ಅಂಕಗಳೊಳಗೆ ಒತ್ತಿಕೊಳ್ಳುತ್ತಾರೆ, ಒಂದಂಕದ ಹಿಂದೆ ಏನು ವ್ಯತ್ಯಾಸವಿದೆಯೆಂಬುದು ವಿನ್ಯಾಸಕನಿಗೂ ತಿಳಿಯದಂತಾಗುತ್ತದೆ. ಮಹಿಳಾ ಕ್ರಿಕೆಟ್‌ಗೆ ಮಾತ್ರ ತನ್ನದೇ ಮಾಪಕ ಇರಲಿ: ಅಲ್ಲಿನ ಚೆಂಡು 140ರಿಂದ 151 ಗ್ರಾಂ, ಪುರುಷರದು ಸುಮಾರು 156ರಿಂದ 163 ಗ್ರಾಂ, ಬೌಂಡರಿಯ ದೂರವೂ ಬೇರೆ, ಎರಡು ಕಡೆಯ 90ಗಳನ್ನು ಒಂದೇ ಎಂದು ತೋರಿಸುವುದರಿಂದ ಯಾರಿಗೂ ಗೌರವ ಸಲ್ಲುವುದಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಬ್ಯಾಟು ಕೊನೆಗೆ ಆಡುವವನ ಹೆಬ್ಬೆರಳಿನಲ್ಲಿರುತ್ತದೆ. ಕೈ ಪಳಗಿದವನು ಚಂದ್ರಶೇಖರ್ ಅವರನ್ನೂ ಐವತ್ತರವರೆಗೆ ಒಯ್ಯಬಲ್ಲ. ಕೆಲವು ವಿನ್ಯಾಸಕರು ಇದನ್ನು ತಡೆಯಲು ಬಟನ್ ಸರಿಯಾದ ಕ್ಷಣದಲ್ಲಿ ಒತ್ತಿದರೂ ಹೊಡೆತ ತಪ್ಪುವಂತೆ ಮಾಡುತ್ತಾರೆ. ಆಡುವವನಿಗೆ ಅದು ಮೋಸವೆಂದೇ ಅನಿಸುತ್ತದೆ, ಅದು ಮೋಸವೇ ಹೌದು. ನನ್ನ ದೃಷ್ಟಿಯಲ್ಲಿ ಅಂಕ ಕೆಲಸ ಮಾಡಬೇಕಾದದ್ದು ಎರಡು ಕಡೆ. ಬಟನ್ ಒತ್ತಲು ಸಿಗುವ ಸಮಯದ ಕಿಂಡಿ ಬಾಲಂಗೋಚಿ ಬ್ಯಾಟರ್‌ಗೆ ಕಿರಿದಾಗಿರಬೇಕು. ಆ ಕಿಂಡಿ ತಪ್ಪಿದಾಗ ದ್ರಾವಿಡ್ ಅವರಿಗೆ ಚೆಂಡು ಸತ್ತು ಕಾಲಬಳಿ ಬೀಳಬೇಕು, ಹನ್ನೊಂದನೆಯವನಿಗೆ ಅಂಚಿಗೆ ತಾಗಿ ಸ್ಲಿಪ್ಸ್‌ಗೆ ಹೋಗಬೇಕು. ಒತ್ತಿದ್ದು ಸರಿಯಿದ್ದಾಗ ಗೇಮ್ ಅಡ್ಡ ಬರಬಾರದು.

ಫೀಲ್ಡಿಂಗ್ ಬಗ್ಗೆ ಹೇಳುವುದು ಕಡಿಮೆ, ಏಕೆಂದರೆ ದಾಖಲೆಯೇ ಕಡಿಮೆ. ದ್ರಾವಿಡ್ ಟೆಸ್ಟ್‌ಗಳಲ್ಲಿ 210 ಕ್ಯಾಚ್ ಹಿಡಿದದ್ದು ಎಲ್ಲ ಕಡೆ ಅಚ್ಚಾಗಿದೆ. ಅವರ ಕೈಗೆ ಒಟ್ಟು ಎಷ್ಟು ಅವಕಾಶಗಳು ಬಂದಿದ್ದವು ಎಂಬುದು ಸ್ಕೋರ್‌ಕಾರ್ಡ್‌ನಲ್ಲಿ ಎಲ್ಲೂ ಇಲ್ಲ. ಸ್ಲಿಪ್ಸ್‌ನಲ್ಲಿ ನಿಂತವನಿಗೂ ಥರ್ಡ್ ಮ್ಯಾನ್‌ನಲ್ಲಿ ನಿಂತವನಿಗೂ ಬರುವ ಅವಕಾಶಗಳು ಬೇರೆಯಾದ್ದರಿಂದ ಕ್ಯಾಚ್‌ಗಳ ಎಣಿಕೆ ಸಾಮರ್ಥ್ಯಕ್ಕಿಂತ ಹೆಚ್ಚಾಗಿ ನಿಂತ ಜಾಗವನ್ನೇ ಅಳೆಯುತ್ತದೆ. ಹೀಗಿರುವಾಗ ಒಬ್ಬ ಫೀಲ್ಡರ್‌ಗೆ 83, ಇನ್ನೊಬ್ಬನಿಗೆ 85 ಎಂದು ಬರೆಯುವುದು ಇಲ್ಲದ ನಿಖರತೆಯನ್ನು ನಟಿಸಿದಂತೆ. ಕ್ಯಾಚ್, ನೆಲದ ಫೀಲ್ಡಿಂಗ್, ಥ್ರೋ ಎಂಬ ಮೂರಕ್ಕೂ ಐದೈದು ದರ್ಜೆಗಳನ್ನು ಇಟ್ಟು, ಹತ್ತಾರು ಪಂದ್ಯಗಳ ವಿಡಿಯೊ ನೋಡಿದ ಇಬ್ಬರು ಪ್ರತ್ಯೇಕವಾಗಿ ದರ್ಜೆ ಕೊಟ್ಟು, ಅವು ತಾಳೆಯಾಗದಿದ್ದಲ್ಲಿ ಕೆಳಗಿನದನ್ನೇ ಉಳಿಸಿಕೊಳ್ಳುವುದು ನಾನು ಅನುಸರಿಸುವ ಕ್ರಮ.