ವಾರ್ಡಿನಲ್ಲಿ ವಿದ್ಯಾರ್ಥಿಯ ನಡತೆ: ಅಳತೆ, ಒಪ್ಪಿಗೆ, ಗುಟ್ಟು, ಸೂಜಿ

ವೃತ್ತಿನಡತೆಯ ಬಗ್ಗೆ ಟಿಪ್ಪಣಿ ಬರೆಯಿರಿ ಎಂದರೆ ಹೆಚ್ಚಿನವರು ಒಗೆದ ಏಪ್ರನ್, ಕತ್ತರಿಸಿದ ಉಗುರು, ಹೊತ್ತಿಗೆ ಸರಿಯಾದ ಹಾಜರಿ ಎಂದು ಬರೆದು ಮುಗಿಸುತ್ತಾರೆ. ಅವು ಬೇಕೇ ಬೇಕು. ಆದರೆ ರೋಗಿಗೆ ನೇರವಾಗಿ ಪೆಟ್ಟು ಕೊಡುವ ತಪ್ಪು ಬೇರೆ ಕಡೆ ಇದೆ. ಅದು ಅಳೆಯದೆ ಬರೆದ ಸಂಖ್ಯೆ. ಎಂಬಿಬಿಎಸ್, ನರ್ಸಿಂಗ್, ಫಿಸಿಯೋಥೆರಪಿ, ಲ್ಯಾಬ್ ಟೆಕ್ನಾಲಜಿ, ಯಾವ ಕೋರ್ಸಾದರೂ ಮೊದಲು ಕಲಿಯಬೇಕಾದದ್ದು ಇದನ್ನೇ.

ಅಳೆಯದ ಸಂಖ್ಯೆ

ಕೈಯಲ್ಲಿ ಗಾಳಿ ತುಂಬುವ ಬಿಪಿ ಉಪಕರಣದ ಗೀಟುಗಳು 2 ಮಿ.ಮೀ. ಅಂತರದಲ್ಲಿರುತ್ತವೆ. ನೋಡಿ ಬರೆದವರ ಚಾರ್ಟಿನಲ್ಲಿ 118, 124, 132 ಹೀಗೆ ಸರಿಸಂಖ್ಯೆಗಳೇ ಬರಬೇಕು. 125/85 ಎಂದಿದ್ದರೆ ಗೀಟನ್ನು ಸರಿಯಾಗಿ ನೋಡಿಲ್ಲ ಎಂದಾಯಿತು. ಎಂಟು ರೋಗಿಗಳಿಗೂ 120/80 ಎಂದಿದ್ದರೆ ಕಫ್ (ತೋಳಿಗೆ ಸುತ್ತುವ ಪಟ್ಟಿ) ಕಟ್ಟಿಯೇ ಇಲ್ಲ ಎಂಬ ಅನುಮಾನ ಬರುತ್ತದೆ. ಅನುಭವಿ ಸಿಸ್ಟರ್‌ಗಳು ಇದನ್ನು ಒಂದೇ ನೋಟದಲ್ಲಿ ಗುರುತಿಸುತ್ತಾರೆ.

ಸರಿಯಾದ ಕ್ರಮ ಇದು. ರೋಗಿ 5 ನಿಮಿಷ ಸುಮ್ಮನೆ ಕುಳಿತಿರಲಿ, ತೋಳು ಹೃದಯದ ಮಟ್ಟದಲ್ಲಿರಲಿ. ಮೊದಲು ಮಣಿಕಟ್ಟಿನ ನಾಡಿ ಹಿಡಿದು ಗಾಳಿ ತುಂಬಿ, ನಾಡಿ ನಿಂತ ಮಟ್ಟ ಗೊತ್ತುಮಾಡಿಕೊಳ್ಳಿ. ಗಾಳಿ ಬಿಟ್ಟು, ಸ್ಟೆತೊಸ್ಕೋಪ್ ಇಟ್ಟು, ಆ ಮಟ್ಟಕ್ಕಿಂತ 30 ಮೇಲಕ್ಕೆ ಏರಿಸಿ, ಸೆಕೆಂಡಿಗೆ 2–3 ಮಿ.ಮೀ. ಇಳಿಯುವಂತೆ ಬಿಡಿ. ಆತುರದಲ್ಲಿ ಬೇಗ ಇಳಿಸಿದರೆ ಮೇಲಿನ ಸಂಖ್ಯೆ ಕಡಿಮೆ ಬರುತ್ತದೆ, ಕೆಳಗಿನದು ಹೆಚ್ಚು ಬರುತ್ತದೆ. ದಪ್ಪ ತೋಳಿಗೆ ಸಣ್ಣ ಕಫ್ ಕಟ್ಟಿದರೆ ಎರಡೂ ಹೆಚ್ಚಾಗಿ ಕಾಣುತ್ತವೆ.

ಉಸಿರಾಟದ ಎಣಿಕೆಯಲ್ಲಂತೂ ಕಳ್ಳಲೆಕ್ಕವೇ ಹೆಚ್ಚು. 15 ಸೆಕೆಂಡ್ ನೋಡಿ ನಾಲ್ಕರಿಂದ ಗುಣಿಸುವುದು, ಇಲ್ಲವೇ ಎಲ್ಲರಿಗೂ 18 ಎಂದು ಬರೆಯುವುದು. ಪೂರ್ತಿ 60 ಸೆಕೆಂಡ್ ಎಣಿಸಿ. ನಾಡಿ ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ಎದೆಯತ್ತ ನೋಡಿ. ಎಣಿಸುತ್ತಿದ್ದಾರೆಂದು ಗೊತ್ತಾದರೆ ರೋಗಿಯ ಉಸಿರಿನ ಲಯ ಬದಲಾಗುತ್ತದೆ. ವಯಸ್ಕರಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20. ರೋಗಿ ಕೆಡುತ್ತಿರುವಾಗ ಎಲ್ಲಕ್ಕಿಂತ ಮೊದಲು ಏರುವ ಸಂಖ್ಯೆಗಳಲ್ಲಿ ಇದೂ ಒಂದು.

ಹೆರಿಗೆಯಾದ ತಾಯಿಗೆ ಒಳಗೊಳಗೇ ರಕ್ತ ಹೋಗುತ್ತಿದೆ ಎಂದುಕೊಳ್ಳಿ. ಎಳೆ ಪ್ರಾಯದ ಗಟ್ಟಿ ದೇಹ ಬಿಪಿಯನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ, ಮೊದಲು ಏರುವುದು ನಾಡಿ. 84, 96, 112 ಎಂದು ಬರೆದ ಚಾರ್ಟ್ ಯೂನಿಟ್‌ನವರನ್ನು (ಚಿಕಿತ್ಸೆ ನೋಡಿಕೊಳ್ಳುವ ವೈದ್ಯರ ತಂಡವನ್ನು) ಓಡಿಸಿಕೊಂಡು ಬರುತ್ತದೆ. ಮೂರು ಸಲವೂ ಹಿಂದಿನ ಸಾಲನ್ನೇ ನಕಲು ಮಾಡಿ 84 ಎಂದು ಬರೆದರೆ ಯಾರೂ ಬರುವುದಿಲ್ಲ. ಆಗ ಖಾಲಿ ಬಿಟ್ಟ ಚಾರ್ಟೇ ಮೇಲು. ಅಳೆದಿಲ್ಲ ಎಂದಾದರೂ ಅದು ಹೇಳುತ್ತದೆ.

ತಪ್ಪಾಗಿ ಬರೆದಿದ್ದರೆ ಒಂದೇ ಗೆರೆ ಎಳೆಯಿರಿ, ಹಳೆಯದು ಓದಲು ಬರುವಂತಿರಲಿ. ಪಕ್ಕದಲ್ಲಿ ಸರಿಯಾದದ್ದು, ದಿನಾಂಕ, ಸಮಯ, ಸಹಿ. ವೈಟ್ನರ್ ಬೇಡ, ಹಾಳೆ ಹರಿಯುವುದಂತೂ ಬೇಡವೇ ಬೇಡ. 10 ಗಂಟೆಗೆ ಮಾಡಿದ್ದನ್ನು 2 ಗಂಟೆಗೆ ಬರೆಯುತ್ತಿದ್ದರೆ ಬರೆದ ಸಮಯವನ್ನೂ ಮಾಡಿದ ಸಮಯವನ್ನೂ ನಮೂದಿಸಿ. 2002ರ ವೈದ್ಯರ ವೃತ್ತಿನಡತೆ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಕಾಪಾಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ನಿಮ್ಮ ಕೈಬರಹ ಕೋರ್ಟಿನವರೆಗೂ ಹೋಗಬಹುದು ಎಂಬುದು ನೆನಪಿರಲಿ. (ಪರೀಕ್ಷೆಗೆ ಓದುವವರು ಗಮನಿಸಿ: 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮ ಹೊರಡಿಸಿ ಅದೇ ತಿಂಗಳು ತಡೆಹಿಡಿಯಿತು, ಆಗ 2002ರ ನಿಯಮಗಳೇ ಮತ್ತೆ ಊರ್ಜಿತವಾದವು.)

ರೌಂಡ್ಸ್ ಶುರುವಾಗಲು ಐದು ನಿಮಿಷವಿದೆ, "ಏನಾದ್ರೂ ಹಾಕು ಮಾರಾಯ" ಎಂದು ಸೀನಿಯರ್ ಹೇಳಿದರೆ? ವಾದಕ್ಕೆ ನಿಲ್ಲಬೇಡಿ. "ಸರ್, ನಾನು ನೋಡಿಲ್ಲ. ಈಗಲೇ ನೋಡಿ ಬರೆಯುತ್ತೇನೆ" ಎಂದಷ್ಟೇ ಹೇಳಿ ಕಫ್ ತೆಗೆದುಕೊಂಡು ಹೊರಡಿ. ಈ ಮಾತಿಗೆ ಬೈದವರೂ ಮರುಮಾತಾಡುವುದು ಕಷ್ಟ.

ಒಪ್ಪಿಗೆ

ಮಂಗಳೂರಿನ ವೆನ್ಲಾಕ್‌ನಂಥ ಸರ್ಕಾರಿ ಆಸ್ಪತ್ರೆಯಲ್ಲಿ ಒಂದೇ ರೋಗಿಯ ಹತ್ತಿರ ಮಧ್ಯಾಹ್ನದೊಳಗೆ ಹಲವು ತಂಡಗಳು ಬಂದು ಹೋಗಬಹುದು. ಹಾಸಿಗೆಗೆ ಹಣ ಕೊಟ್ಟಿಲ್ಲ ಎಂಬ ಕಾರಣಕ್ಕೆ ರೋಗಿ ನಮ್ಮ ಪಾಠದ ವಸ್ತುವಾಗುವುದಿಲ್ಲ. ಹೆಸರು, ಕೋರ್ಸ್, ಎಷ್ಟನೇ ವರ್ಷ ಎಂದು ಹೇಳಿ. ಡಾಕ್ಟರ್ ಅಲ್ಲ, ಕಲಿಯುವವರು ಎನ್ನುವುದನ್ನು ಬಾಯಿಬಿಟ್ಟು ಹೇಳಿ, ಏಕೆಂದರೆ ಏಪ್ರನ್ ಕಂಡವರೆಲ್ಲ "ಡಾಕ್ಟ್ರೇ" ಎಂದೇ ಕರೆಯುತ್ತಾರೆ. ಏನು ಮಾಡುತ್ತೀರಿ, ಎಷ್ಟು ಹೊತ್ತು, ಬೇಡವೆಂದರೆ ಚಿಕಿತ್ಸೆಗೆ ಏನೂ ತೊಂದರೆಯಿಲ್ಲ, ಈ ಮೂರನ್ನೂ ತಿಳಿಸಿದ ಮೇಲೆ ಕೇಳಿ. ಮುಖ ಗೋಡೆಯ ಕಡೆ ತಿರುಗಿಸಿಕೊಂಡು "ಆಯ್ತು" ಎಂದರೆ ಅದು ಒಪ್ಪಿಗೆಯಲ್ಲ.

ಹೊಟ್ಟೆ ಮುಟ್ಟುವ ಮುನ್ನ ಪರದೆ ಎಳೆಯಿರಿ, ಕೈ ಬೆಚ್ಚಗೆ ಮಾಡಿಕೊಳ್ಳಿ. ಹೆಂಗಸರನ್ನು ಗಂಡಸು ವಿದ್ಯಾರ್ಥಿ ಪರೀಕ್ಷಿಸುವಾಗ ಸಿಸ್ಟರ್ ಅಥವಾ ಇನ್ನೊಬ್ಬ ಮಹಿಳೆ ಪಕ್ಕದಲ್ಲಿರಲೇಬೇಕು. ಬೈಸ್ಟ್ಯಾಂಡರ್ (ರೋಗಿಯ ಜೊತೆಗೆ ಬಂದವರು) ಇದ್ದಾರಲ್ಲ ಎಂದು ಬಿಡಬೇಡಿ. ಅರಿವಳಿಕೆಯಲ್ಲಿರುವವರ ಗುಪ್ತಾಂಗ ಪರೀಕ್ಷೆಯನ್ನು ಕಲಿಕೆಗಾಗಿ ಮಾಡಬೇಕಿದ್ದರೆ ಎಚ್ಚರವಿದ್ದಾಗಲೇ ಅದಕ್ಕೆಂದೇ ಪ್ರತ್ಯೇಕ ಒಪ್ಪಿಗೆ ಪಡೆದಿರಬೇಕು. ಇಲ್ಲದಿದ್ದರೆ ಯಾರು ಹೇಳಿದರೂ ಕೈ ಹಾಕಬೇಡಿ.

ಭಾಷೆಯ ವಿಷಯ. ಇಲ್ಲಿನ ವಾರ್ಡುಗಳಲ್ಲಿ ತುಳು, ಕೊಂಕಣಿ, ಬ್ಯಾರಿ, ಕಾಸರಗೋಡು ಕಡೆಯವರ ಮಲಯಾಳ ಎಲ್ಲವೂ ಇರುತ್ತದೆ. ಹೊರಗಿನಿಂದ ಬಂದವರು "ಈರೆಗ್ ಓಲು ಬೇನೆ ಆಪುಂಡು?" (ನಿಮಗೆ ಎಲ್ಲಿ ನೋವಾಗುತ್ತದೆ?) ಎಂದು ಕೇಳುವಷ್ಟು ತುಳು ಕಲಿತರೂ ಸಾಕು, ಮಾತು ತೆರೆದುಕೊಳ್ಳುತ್ತದೆ. ಹಿರಿಯರಿಗೆ "ನಿಕ್ಕ್" (ನಿನಗೆ) ಎನ್ನಬೇಡಿ. ಮುಟ್ಟು, ಗರ್ಭಪಾತ, ಕುಡಿತದಂಥ ವಿಷಯ ಕೇಳುವಾಗ ಮನೆಯವರನ್ನೇ ದುಭಾಷಿ ಮಾಡಿಕೊಂಡರೆ ನಿಜ ಹೊರಬರುವುದು ಕಷ್ಟ. ಆ ಭಾಷೆ ಬಲ್ಲ ಸಿಸ್ಟರನ್ನು ಕೇಳಿಕೊಳ್ಳಿ.

ಬಯಾಪ್ಸಿ ರಿಪೋರ್ಟ್ ಏನಾಯಿತು ಎಂದು ರೋಗಿ ನಿಮ್ಮನ್ನೇ ಕೇಳಿದರೆ ಊಹೆ ಹೇಳಬೇಡಿ, "ಏನೂ ಇಲ್ಲ" ಎಂದೂ ಹೇಳಬೇಡಿ. "ಡಾಕ್ಟರ್ ಹೇಳುತ್ತಾರೆ, ನೀವು ಕೇಳಿದ್ದನ್ನು ಅವರಿಗೆ ತಿಳಿಸುತ್ತೇನೆ" ಎನ್ನಿ. ಮತ್ತೆ ಮರೆಯದೆ ತಿಳಿಸಿ.

ಗುಟ್ಟು

ಫೋಟೋದಲ್ಲಿ ಮುಖ ಕತ್ತರಿಸಿದರೆ ಸಾಕೆಂಬ ನಂಬಿಕೆ ತಪ್ಪು. ಹಚ್ಚೆ, ಬಳೆ, ಹಾಸಿಗೆ ನಂಬರ್, ಎಕ್ಸ್‌ರೇ ಮೂಲೆಯಲ್ಲಿರುವ ಹೆಸರು ಮತ್ತು ಆಸ್ಪತ್ರೆ ನಂಬರ್, ಇವುಗಳಲ್ಲಿ ಒಂದಿದ್ದರೂ ಗುರುತು ಸಿಗುತ್ತದೆ. ರೋಗಿಯ ಲಿಖಿತ ಒಪ್ಪಿಗೆ ಮತ್ತು ವಿಭಾಗದ ಅನುಮತಿ ಎರಡೂ ಇಲ್ಲದೆ ಸ್ವಂತ ಮೊಬೈಲಿನಲ್ಲಿ ತೆಗೆಯಬೇಡಿ. ಬ್ಯಾಚಿನ ವಾಟ್ಸಾಪ್ ಗ್ರೂಪಿಗೆ ಹೋದದ್ದು ಅಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದು ಯಾರ ಕೈಯಲ್ಲೂ ಇಲ್ಲ.

ಇನ್ನು ಬಾಯಿಮಾತು. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಉಡುಪಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೆಸರು ಹೇಳದೆ ಕೇಸಿನ ಬಗ್ಗೆ ಮಾತಾಡಿದರೂ ಕೆಡುಕಾಗಬಹುದು. ನಮ್ಮ ಕಡೆ ಜನರನ್ನು ಊರು, ಮನೆಹೆಸರು, ಕೆಲಸದಿಂದಲೇ ಗುರುತಿಸುತ್ತಾರೆ. ಊರು, ಪ್ರಾಯ, ರೋಗ ಮೂರೂ ಕಿವಿಗೆ ಬಿದ್ದರೆ ಹಿಂದಿನ ಸೀಟಿನವರಿಗೆ ಆಳು ಯಾರೆಂದು ಗೊತ್ತಾಗಿಬಿಡುತ್ತದೆ. ಎಚ್‌ಐವಿ ಸ್ಥಿತಿಗೆ 2017ರ ಕಾಯ್ದೆಯ ರಕ್ಷಣೆಯಿದೆ, ಮನೋರೋಗಿಯ ಮಾಹಿತಿಗೆ ಅದೇ ವರ್ಷದ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಇದೆ. ಗುಟ್ಟಿಗೆ ಮಿತಿಯೂ ಇದೆ: ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದೆ ಎಂದು ತಿಳಿದರೆ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯ. ತಕ್ಷಣ ಯೂನಿಟ್‌ನ ಹಿರಿಯ ವೈದ್ಯರಿಗೆ ತಿಳಿಸಿ.

ಹಾಜರಿ

ಎಂಬಿಬಿಎಸ್‌ಗೆ ಥಿಯರಿಯಲ್ಲಿ 75, ಪ್ರಾಕ್ಟಿಕಲ್‌ನಲ್ಲಿ 80 ಶೇಕಡಾ ಬೇಕು. ಪ್ರಾಕ್ಸಿ ಸಹಿ ಎಂದರೆ ಸುಳ್ಳು ದಾಖಲೆ, ಅಷ್ಟೇ. ರ‍್ಯಾಗಿಂಗ್ ಕಂಡರೆ ಅಥವಾ ಅನುಭವಿಸಿದರೆ ರಾಷ್ಟ್ರೀಯ ಸಹಾಯವಾಣಿ 1800-180-5522.

ಸೂಜಿ ಚುಚ್ಚಿದರೆ

ಬೈಯುತ್ತಾರೆಂದು ಮುಚ್ಚಿಡುವುದೇ ಇಲ್ಲಿನ ದೊಡ್ಡ ಅಪಾಯ. ಬೆರಳು ಹಿಂಡಬೇಡಿ, ಬಾಯಿಗೆ ಇಡಬೇಡಿ, ಬ್ಲೀಚ್ ಹಚ್ಚಬೇಡಿ. ಹರಿಯುವ ನೀರು, ಸೋಪು ಸಾಕು. ಕಣ್ಣಿಗೆ ಹಾರಿದ್ದರೆ ಬರೀ ನೀರು ಅಥವಾ ಸಲೈನ್. ಕೂಡಲೇ ಡ್ಯೂಟಿ ಡಾಕ್ಟರಿಗೆ ಹೇಳಿ, ಕ್ಯಾಶುವಲ್ಟಿಗೆ ಹೋಗಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ 2 ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಬಾರದು, 28 ದಿನ ಬಿಡದೆ ನುಂಗಬೇಕು. ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಬೇಡಿ, ನೇರ ಬಿಳಿ ಡಬ್ಬಕ್ಕೆ ಹಾಕಿ. ಡಬ್ಬ ಮುಕ್ಕಾಲು ತುಂಬಿದ ಮೇಲೆ ಒತ್ತಿ ತುರುಕಬೇಡಿ.

ಹೆಪಟೈಟಿಸ್ ಬಿ ಲಸಿಕೆ 0, 1, 6 ತಿಂಗಳಿಗೆ ಮೂರು ಡೋಸ್. ಕೊನೆಯ ಡೋಸ್ ಆಗಿ 1–2 ತಿಂಗಳಿಗೆ ರಕ್ತದಲ್ಲಿ ಆಂಟಿ-ಎಚ್‌ಬಿಎಸ್ (ಲಸಿಕೆಯಿಂದ ಬಂದ ಪ್ರತಿಕಾಯದ ಮಟ್ಟ) ನೋಡಿಸಿ. 10 mIU/mL ಅಥವಾ ಮೇಲೆ ಬಂದರೆ ರಕ್ಷಣೆ ಇದೆ, ಕಡಿಮೆ ಬಂದರೆ ಮತ್ತೆ ಲಸಿಕೆ ಬೇಕಾಗುತ್ತದೆ. ಎಲ್ಲಕ್ಕೂ ಸೇರಿ ಏಳೆಂಟು ತಿಂಗಳು ಹಿಡಿಯುವುದರಿಂದ, ಕ್ಲಿನಿಕಲ್ ಪೋಸ್ಟಿಂಗಿಗೆ ಕಾಯದೆ ಕಾಲೇಜು ಸೇರಿದ ತಿಂಗಳಲ್ಲೇ ಮೊದಲ ಡೋಸ್ ಹಾಕಿಸಿಕೊಳ್ಳಿ.