ಪ್ರಶ್ನೆಗೂ ಉತ್ತರಕ್ಕೂ ನಡುವಿನ ಹದಿನಾಲ್ಕು ಸೆಕೆಂಡು

1819ನೇ ಇಸವಿ. ಜರ್ಮನಿಯ ಯೇನಾ ಪಟ್ಟಣ. ಯುವ ರಸಾಯನ ವಿಜ್ಞಾನಿಯೊಬ್ಬ ಕಂಕುಳಲ್ಲಿ ಬೆಕ್ಕು ಇಟ್ಟುಕೊಂಡು ಆ ಕಾಲದ ಮಹಾಕವಿಯನ್ನು ನೋಡಲು ಬರುತ್ತಾನೆ. ವಿಷದ ಗಿಡವೊಂದರ ರಸ ಬಿಟ್ಟರೆ ಬೆಕ್ಕಿನ ಕಣ್ಣಿನ ಪಾಪೆ ಹೇಗೆ ಅಗಲವಾಗುತ್ತದೆ ಅಂತ ತೋರಿಸುತ್ತಾನೆ. ಕವಿಗೆ ಅದು ಬಹಳ ಹಿಡಿಸುತ್ತದೆ. ಹೊರಡುವಾಗ ಅವನ ಕೈಗೆ ಒಂದಷ್ಟು ಕಾಫಿ ಬೀಜ ಕೊಟ್ಟು, ಇದರಲ್ಲೇನಿದೆ ಪರೀಕ್ಷೆ ಮಾಡಿ ನೋಡು ಅನ್ನುತ್ತಾನೆ. ಹುಡುಗ ನೋಡುತ್ತಾನೆ. ಒಂದು ವಸ್ತು ಸಿಗುತ್ತದೆ. ಕವಿ ಯಾರು? ವಸ್ತು ಯಾವುದು?

ಉತ್ತರ ಸ್ವಲ್ಪ ಹೊತ್ತು ಇರಲಿ. ನೀವೊಂದು ಊಹೆ ಮಾಡಿ, ತಪ್ಪಾದರೂ ಪರವಾಗಿಲ್ಲ. ಹೀಗೆ ಕಾಯುವಾಗ ತಲೆಯೊಳಗೆ ಒಂದು ಕೆಲಸ ನಡೆಯುತ್ತದೆ. ನಾನು ಹೇಳಬೇಕೆಂದಿರುವುದು ಆ ಕೆಲಸದ ಬಗ್ಗೆಯೇ.

ಕೊಡಗಿನಲ್ಲಿ ರಸಪ್ರಶ್ನೆಗೆ ಬರವಿಲ್ಲ. ಸ್ವಾತಂತ್ರ್ಯ ದಿನ, ರಾಜ್ಯೋತ್ಸವ, ವಿಜ್ಞಾನ ದಿನ, ಯಾವುದೇ ನೆಪಕ್ಕೂ ಒಂದು ಕ್ವಿಜ್. ಮಳೆಗಾಲದಲ್ಲಿ ಮೈದಾನ ಕೆಸರಾಗಿ ಹಾಕಿ ಆಡೋಕಾಗದ ದಿನಗಳಲ್ಲಂತೂ ಸಭಾಂಗಣದೊಳಗೆ ಕ್ವಿಜ್ಜೇ ಆಟ. ಪ್ರಶ್ನೆ ಬರೆದುಕೊಡಿ ಅಂತ ಶಿಕ್ಷಕರು ಕೇಳಿದರೆ ನನಗೆ ಖುಷಿ. ಬೇಜಾರಾಗುವುದು ಮಕ್ಕಳನ್ನು ತಯಾರು ಮಾಡುವ ರೀತಿ ನೋಡಿದಾಗ. ಒಂದು ಜಿಕೆ ಪುಸ್ತಕ, ಸಾಲು ಸಾಲು ಪ್ರಶ್ನೆ, ಪಕ್ಕದಲ್ಲೇ ಉತ್ತರ. ಕೊಡಗಿನ ಅತಿ ಎತ್ತರದ ಶಿಖರ ಯಾವುದು? ತಡಿಯಂಡಮೋಳ್, 1748 ಮೀಟರ್. ಓದು, ಮತ್ತೆ ಓದು, ಇನ್ನೊಂದು ಸಲ ಓದು. ಪ್ರಶ್ನೆ ಕಣ್ಣಿಗೆ ಬೀಳುವಷ್ಟರಲ್ಲಿ ಉತ್ತರವೂ ಬಿದ್ದಿರುತ್ತದೆ. ತಲೆಗೆ ಹುಡುಕುವ ಕೆಲಸವೇ ಇಲ್ಲ.

ಹಾಗೆ ಓದಿಕೊಂಡು ಬಂದ ಹುಡುಗಿಯೊಬ್ಬಳಿಗೆ ವೇದಿಕೆಯಲ್ಲಿ ಇದೇ ಪ್ರಶ್ನೆ ಬಂತು. ಅವಳು ಮೈಕ್ ಹಿಡಿದು ಕಣ್ಣು ಮುಚ್ಚಿದಳು. "ಗೊತ್ತುಂಟು ಸರ್, ಬಾಯಿಗೆ ಬರ್ತಾ ಇಲ್ಲ. 'ತ' ಇಂದ ಶುರುವಾಗ್ತದೆ. ಉದ್ದ ಹೆಸರು, ಐದಕ್ಷರ ಇರ್ಬೇಕು." ಪಕ್ಕದ ಹುಡುಗ "ತಲಕಾವೇರಿಯಾ?" ಅಂದ. "ಅಲ್ಲ ಮಾರಾಯ, ಅದಲ್ಲ" ಅಂತ ಗದರಿದಳು. ಸಮಯ ಮುಗಿಯಿತು. ಪ್ರಶ್ನೆ ಪಾಸಾಗಿ ಮುಂದಿನ ಟೀಮಿಗೆ ಹೋಯಿತು.

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮೊದಲ ಅಕ್ಷರ ಸರಿ, ಅಕ್ಷರಗಳ ಲೆಕ್ಕ ಸರಿ, ತಪ್ಪು ಉತ್ತರ ಕೇಳಿದ ಕೂಡಲೇ ಅದಲ್ಲ ಅಂತಲೂ ತಿಳಿಯಿತು. ಹೆಸರೊಂದೇ ಸಿಗಲಿಲ್ಲ. ಇದನ್ನು ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್‌ನೀಲ್ 1966ರಲ್ಲಿ ಹಾರ್ವರ್ಡ್‌ನಲ್ಲಿ ಪ್ರಯೋಗ ಮಾಡಿಯೇ ತೋರಿಸಿದ್ದರು. ಅಪರೂಪದ ಪದಗಳ ಅರ್ಥ ಓದಿ ಹೇಳಿ, ಪದ ಯಾವುದು ಅಂತ ವಿದ್ಯಾರ್ಥಿಗಳನ್ನು ಕೇಳಿದರು. ನಾಲಿಗೆ ತುದಿಗೆ ಬಂದು ನಿಂತಿದೆ ಅಂದವರನ್ನು ಬಿಡದೆ ಮತ್ತೂ ಕೆದಕಿದರು. ಪದ ಸಿಗದವರೂ ಅದರ ಮೊದಲ ಅಕ್ಷರವನ್ನು, ಅದು ಎಷ್ಟು ಉದ್ದ ಅನ್ನುವುದನ್ನು ಸುಮಾರು ಸಲ ಸರಿಯಾಗಿಯೇ ಹೇಳಿದರು. ಅಂದರೆ ಮರೆವು ಅಂತ ನಾವು ಕರೆಯುವುದು ಎಷ್ಟೋ ಸಲ ಮರೆವೇ ಅಲ್ಲ. ವಿಷಯ ಒಳಗೇ ಇರುತ್ತದೆ, ಅಲ್ಲಿಗೆ ಹೋಗುವ ದಾರಿ ಬಲವಾಗಿರುವುದಿಲ್ಲ. ತೋಟದ ಕಾಲುದಾರಿ ಗೊತ್ತಲ್ವಾ? ದಿನಾ ನಡೆದರೆ ಸವೆದು ಸ್ಪಷ್ಟವಾಗಿರುತ್ತದೆ. ಒಂದು ಮಳೆಗಾಲ ಯಾರೂ ಕಾಲಿಡದಿದ್ದರೆ ಕಳೆ ಬೆಳೆದು ಎಲ್ಲಿತ್ತು ಅಂತಲೇ ತಿಳಿಯುವುದಿಲ್ಲ. ದೂರ ನಿಂತು ಆ ದಾರಿಯನ್ನು ಎಷ್ಟು ನೋಡಿದರೂ ಅದು ಸವೆಯುವುದಿಲ್ಲ.

ನೋಡುವುದಕ್ಕೂ ನಡೆಯುವುದಕ್ಕೂ ಇರುವ ಅಂತರವನ್ನು ಅಳೆದವರೂ ಇದ್ದಾರೆ. 2006ರಲ್ಲಿ ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಕಾಲೇಜು ವಿದ್ಯಾರ್ಥಿಗಳಿಗೆ ಸಣ್ಣ ಸಣ್ಣ ವಿಜ್ಞಾನ ಪಾಠಗಳನ್ನು ಓದಲು ಕೊಟ್ಟರು. ಒಂದು ಪಾಠವನ್ನು ಎರಡನೇ ಸಲವೂ ಓದಿಸಿದರು. ಇನ್ನೊಂದನ್ನು ಓದಿದ ಮೇಲೆ ಹಾಳೆ ಕಿತ್ತುಕೊಂಡು, ನೆನಪಿರುವುದನ್ನು ಬರೆಯಿರಿ ಅಂದರು. ಐದು ನಿಮಿಷದ ನಂತರ ಪರೀಕ್ಷೆ ಇಟ್ಟಾಗ ಎರಡು ಸಲ ಓದಿದ್ದೇ ಮೇಲಾಯಿತು, ಶೇಕಡಾ 81ಕ್ಕೆ 75. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತು. ಎರಡು ಸಲ ಓದಿದ ಪಾಠದಲ್ಲಿ ಶೇಕಡಾ 42 ಉಳಿದಿತ್ತು. ಒಂದು ಸಲ ಓದಿ, ಒಂದು ಸಲ ನೆನಪಿಸಿಕೊಂಡು ಬರೆದದ್ದರಲ್ಲಿ ಶೇಕಡಾ 56. ಬರೆಯುವಾಗ ಅವರಿಗೆ ಯಾರೂ ಸರಿ ತಪ್ಪು ಹೇಳಿರಲಿಲ್ಲ, ಅದನ್ನೂ ಗಮನಿಸಿ. ಬರೀ ಹುಡುಕಿದ್ದೇ ಸಾಕಾಯಿತು. ಪರೀಕ್ಷೆಯ ಹಿಂದಿನ ರಾತ್ರಿ ಓದಿದ್ದು ಬೆಳಿಗ್ಗೆ ಚೆನ್ನಾಗಿ ನೆನಪಿದ್ದು, ತಿಂಗಳಾದ ಮೇಲೆ ಹಾರಿಹೋಗುವ ಅನುಭವ ಎಲ್ಲರಿಗೂ ಇದೆ. ಅದಕ್ಕೆ ಕಾರಣ ಇಲ್ಲಿದೆ.

ಈಗ ಕವಿಯ ವಿಷಯ. ಅವನು ಗಯಟೆ. ಹುಡುಗ ಫ್ರೀಡ್‌ಲೀಬ್ ಫರ್ಡಿನಾಂಡ್ ರುಂಗೆ. ಸಿಕ್ಕಿದ ವಸ್ತು ಕೆಫೀನ್. ಬೆಳಿಗ್ಗೆ ಎದ್ದ ಕೂಡಲೇ ನಮಗೆ ಬೇಕೆನಿಸುವ ಆ ಚುರುಕಿಗೆ ಹೆಸರು ಸಿಕ್ಕಿದ್ದು ಒಬ್ಬ ಕವಿಯ ಕುತೂಹಲದಿಂದ! ನಿಮ್ಮ ಊಹೆ ಸರಿಯಿತ್ತೋ ಇಲ್ಲವೋ, ಕಾದಿದ್ದಕ್ಕೆ ಇದು ಹೆಚ್ಚು ದಿನ ಉಳಿಯುವ ಸಾಧ್ಯತೆ ಇದೆ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ.

2014ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನಲ್ಲಿ ಮಥಿಯಾಸ್ ಗ್ರೂಬರ್, ಬರ್ನಾರ್ಡ್ ಗೆಲ್ಮನ್ ಮತ್ತು ಚರಣ್ ರಂಗನಾಥ್ ಅಪ್ಪಟ ಕ್ವಿಜ್ ಪ್ರಶ್ನೆಗಳನ್ನೇ ಇಟ್ಟುಕೊಂಡು ಒಂದು ಪ್ರಯೋಗ ಮಾಡಿದರು. ಯಾವ ಪ್ರಶ್ನೆಯ ಉತ್ತರ ತಿಳಿಯುವ ಆಸೆ ಎಷ್ಟಿದೆ ಅಂತ ಪ್ರಯೋಗಕ್ಕೆ ಬಂದವರನ್ನು ಮೊದಲೇ ಕೇಳಿ ಗುರುತು ಮಾಡಿಕೊಂಡರು. ಆಮೇಲೆ ಅವರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ ಪ್ರಶ್ನೆ ತೋರಿಸಿದರು. ಪ್ರಶ್ನೆ ಬಂದು ಹದಿನಾಲ್ಕು ಸೆಕೆಂಡು ಕಾಯಿಸಿ ಉತ್ತರ ಕೊಟ್ಟರು. ಕಾಯುವ ಹೊತ್ತಿನಲ್ಲಿ, ಪ್ರಶ್ನೆಗೆ ಏನೂ ಸಂಬಂಧವಿಲ್ಲದ ಯಾರದೋ ಮುಖದ ಚಿತ್ರವೊಂದು ಪರದೆಯ ಮೇಲೆ ಬಂದು ಹೋಗುತ್ತಿತ್ತು. ಕುತೂಹಲ ಜಾಸ್ತಿ ಇದ್ದ ಪ್ರಶ್ನೆಗಳ ಉತ್ತರ ಚೆನ್ನಾಗಿ ನೆನಪುಳಿಯಿತು, ಅದೇನೂ ಆಶ್ಚರ್ಯವಲ್ಲ. ಆಶ್ಚರ್ಯವೆಂದರೆ ಆ ಹೊತ್ತಿನಲ್ಲಿ ಸುಮ್ಮನೆ ಬಂದುಹೋದ ಮುಖವೂ ಹೆಚ್ಚು ನೆನಪುಳಿಯಿತು. ಕುತೂಹಲ ಕೆರಳಿದಾಗ, ಬಹುಮಾನ ಸಿಗುತ್ತದೆ ಅಂದಾಗ ಎಚ್ಚರಗೊಳ್ಳುವ ಮಿದುಳಿನ ಡೋಪಮೀನ್ ಭಾಗಗಳೇ ಎಚ್ಚರಗೊಂಡಿದ್ದವು. ನೆನಪು ಕಟ್ಟುವ ಹಿಪೊಕ್ಯಾಂಪಸ್ ಕೂಡ ಅವುಗಳ ಜೊತೆ ಸೇರಿ ಕೆಲಸ ಮಾಡುತ್ತಿತ್ತು. ಉತ್ತರ ಇನ್ನೂ ಬಂದಿರಲಿಲ್ಲ, ಮಿದುಳು ಆಗಲೇ ಹಿಡಿದಿಟ್ಟುಕೊಳ್ಳಲು ತಯಾರಾಗಿ ಕೂತಿತ್ತು.

ಹಾಗಾಗಿ ಪ್ರಶ್ನೆ ಓದಿದ ಮರುಕ್ಷಣ "ಗೊತ್ತಿಲ್ವಾ? ಉತ್ತರ ಇದು" ಅಂತ ಮುಂದೆ ಓಡುವ ಕ್ವಿಜ್ ಮಾಸ್ಟರ್ ಮಕ್ಕಳಿಂದ ಬೆಲೆಬಾಳುವುದನ್ನೇ ಕಿತ್ತುಕೊಳ್ಳುತ್ತಾರೆ ಅಂತ ನನಗನಿಸುತ್ತದೆ. ಬಜರ್ ರೌಂಡಿಗೆ ಅದರದೇ ರೋಮಾಂಚನ ಇದೆ, ಬೇಡ ಅನ್ನುವುದಿಲ್ಲ. ಆದರೆ ಇಡೀ ಸ್ಪರ್ಧೆಯೇ ಬಜರ್ ರೌಂಡ್ ಆಗಬಾರದು.

ಕಾಯಿಸಿದರೆ ಸಾಲದು, ಕಾಯುವಾಗ ಕೈಗೆ ಹಿಡಿಯಲು ಏನಾದರೂ ಸಿಗುವಂಥ ಪ್ರಶ್ನೆಯೂ ಬೇಕು. ಅರೇಬಿಕಾ ಕಾಫಿಯಲ್ಲಿ ಎಷ್ಟು ಕ್ರೋಮೋಸೋಮು ಅಂತ ಕೇಳಿದರೆ 44 ಅನ್ನುವುದು ಗೊತ್ತಿದ್ದವನಿಗೆ ಗೊತ್ತು, ಇಲ್ಲದವನಿಗೆ ಇಲ್ಲ. ಯೋಚಿಸಲು ಏನೂ ಇಲ್ಲ. ನಾನು ಹೀಗೆ ಕೇಳುತ್ತೇನೆ: ಒಂಟಿ ಅರೇಬಿಕಾ ಗಿಡ ಇದ್ದರೂ ಅದರಲ್ಲಿ ಕಾಯಿ ಕಟ್ಟುತ್ತದೆ. ಸುತ್ತ ಬೇರೆ ಗಿಡಗಳಿಲ್ಲದ ಒಂಟಿ ರೊಬಸ್ಟಾದಲ್ಲಿ ಕಟ್ಟುವುದಿಲ್ಲ. ಯಾಕೆ?

ಕೊಡಗಿನ ಮಕ್ಕಳು ಇದಕ್ಕೆ ಬೇಕಾದ ಅರ್ಧ ಸಾಮಾನನ್ನು ಮನೆಯಿಂದಲೇ ತಂದಿರುತ್ತಾರೆ. ಡಿಸೆಂಬರ್ ಜನವರಿಯಲ್ಲಿ ಮಳೆ ನಿಂತ ಮೇಲೆ ಕಾಫಿಯ ಗೆಣ್ಣುಗಳಲ್ಲಿ ಮೊಗ್ಗು ಕೂತಿರುತ್ತದೆ, ಬೆಳೆಯುವುದಿಲ್ಲ. ನೀರು ಬೀಳುವ ತನಕ ಅದು ನಿದ್ದೆಯಲ್ಲಿರುತ್ತದೆ. ಫೆಬ್ರವರಿ ಮಾರ್ಚಿನಲ್ಲಿ ಹೂಮಳೆ ಬೀಳಬೇಕು, ಇಲ್ಲದಿದ್ದರೆ ಕೆರೆಯಿಂದ ಪೈಪ್ ಎಳೆದು ಸ್ಪ್ರಿಂಕ್ಲರ್ ಹಾಕಬೇಕು. ನೀರು ಕುಡಿದ ಮೊಗ್ಗು ಉಬ್ಬುತ್ತದೆ, ಎಂಟು ಹತ್ತು ದಿನಕ್ಕೆ ಇಡೀ ತೋಟ ಒಟ್ಟಿಗೆ ಅರಳುತ್ತದೆ. ಗೆಣ್ಣಿಗೊಂದು ಬಿಳಿ ಗೊಂಚಲು, ಮಲ್ಲಿಗೆಯಂಥ ಪರಿಮಳ, ಮರದ ಮೇಲಿಂದ ಇಳಿದುಬಂದ ಹೆಜ್ಜೇನಿನ ಗುಂಯ್ ಸದ್ದು. ಎರಡು ಮೂರು ದಿನದಲ್ಲಿ ಹೂವು ಕಂದಿ ಉದುರುತ್ತದೆ. ಆ ಎರಡು ಮೂರು ದಿನ ಔಷಧಿ ಹೊಡೆಯಬೇಡಿ, ಜೇನು ಸಾಯುತ್ತದೆ ಅಂತ ಮನೆಯಲ್ಲಿ ಅಪ್ಪ ಹೇಳಿದ್ದನ್ನು ಕೇಳಿದ ಹುಡುಗನಿಗೆ ಉತ್ತರದ ಬಾಗಿಲು ತೆರೆದಂತೆಯೇ. ರೊಬಸ್ಟಾ ಹೂವು ತನ್ನದೇ ಗಿಡದ ಪರಾಗವನ್ನು ಒಪ್ಪುವುದಿಲ್ಲ. ತನ್ನ ಪರಾಗ ಬಿದ್ದರೆ ಅದರ ನಾಳ ಒಳಗೆ ಬೆಳೆಯದಂತೆ ತಡೆಯುತ್ತದೆ. ಬೇರೆ ಗಿಡದ ಪರಾಗವೇ ಬೇಕು, ಅದನ್ನು ತರಲು ಗಾಳಿ ಬೇಕು, ಜೇನು ಬೇಕು. ಅರೇಬಿಕಾಕ್ಕೆ ಆ ತಕರಾರಿಲ್ಲ.

ಇಷ್ಟಾದ ಮೇಲೆ 44ರ ವಿಷಯ ಹೇಳಿ ನೋಡಿ. ರೊಬಸ್ಟಾದಲ್ಲಿ 22 ಕ್ರೋಮೋಸೋಮು, ಅರೇಬಿಕಾದಲ್ಲಿ ಅದರ ಎರಡರಷ್ಟು. ಬಹಳ ಹಿಂದೆ ಆಫ್ರಿಕಾದಲ್ಲಿ ರೊಬಸ್ಟಾದ ಜಾತಿಯೂ ಯೂಜಿನಾಯ್ಡಿಸ್ ಎಂಬ ಇನ್ನೊಂದು ಕಾಫಿ ಜಾತಿಯೂ ಕೂಡಿದವು. ಹುಟ್ಟಿದ ಮಿಶ್ರತಳಿಯಲ್ಲಿ ಎರಡೂ ಕಡೆಯ ಕ್ರೋಮೋಸೋಮುಗಳು ಪೂರ್ತಿಯಾಗಿ ಉಳಿದುಕೊಂಡವು. ಅದೇ ಅರೇಬಿಕಾ. ಮಾರುಕಟ್ಟೆಯಲ್ಲಿ ಅರೇಬಿಕಾಕ್ಕೆ ಜಾಸ್ತಿ ಮರ್ಯಾದೆ, ಆದರೆ ವಂಶದಲ್ಲಿ ರೊಬಸ್ಟಾ ಅದಕ್ಕೆ ಹಿರಿಯ! ಈಗ ಆ ಎರಡು ಅಂಕಿಗಳನ್ನು ಯಾರೂ ಉರು ಹೊಡೆಯಬೇಕಾಗಿಲ್ಲ.

ಇತಿಹಾಸದ ಪ್ರಶ್ನೆಗೂ ಇದೇ ಮಾತು. ಕಾರ್ಯಪ್ಪನವರು ಹುಟ್ಟಿದ ವರ್ಷ ಯಾವುದು ಅನ್ನುವುದಕ್ಕಿಂತ, ಸೇನಾ ದಿನವನ್ನು ಜನವರಿ 15ರಂದೇ ಯಾಕೆ ಆಚರಿಸುತ್ತಾರೆ ಅಂತ ಕೇಳುವುದು ಮೇಲು. 1949ರ ಆ ದಿನ ಬ್ರಿಟಿಷ್ ಅಧಿಕಾರಿಯ ಕೈಯಿಂದ ಭಾರತೀಯನ ಕೈಗೆ ಮೊದಲ ಸಲ ಸೇನೆಯ ಹೊಣೆ ಬಂತು. ಭೂಗೋಳದಲ್ಲಿ, ಕಾವೇರಿ ಎಲ್ಲಿ ಹುಟ್ಟುತ್ತದೆ ಅಂತ ಕೇಳಿದರೆ ಸಭೆಯೇ ಉತ್ತರ ಕೂಗುತ್ತದೆ. ಪಶ್ಚಿಮದ ಕಡಲು ಅಷ್ಟು ಹತ್ತಿರ ಇರುವಾಗ ಅದು ಸುಮಾರು 800 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿಗೆ ಯಾಕೆ ಹೋಗುತ್ತದೆ ಅಂತ ಕೇಳಿ, ಸದ್ದಡಗುತ್ತದೆ. ಘಟ್ಟದ ಪಶ್ಚಿಮ ಮುಖ ಕಡಿದು, ಪೂರ್ವ ಮುಖ ಇಳಿಜಾರು. ಕೋಟ್ಯಂತರ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟು ಹೋದಾಗ ಈ ಕಡೆಯ ಅಂಚು ಎದ್ದು ನಿಂತಿತು, ನೆಲ ಪೂರ್ವಕ್ಕೆ ವಾಲಿತು. ಇದೇ ಜಿಲ್ಲೆಯ ಬರಪೊಳೆ ಪಶ್ಚಿಮಕ್ಕೆ ಇಳಿದು ಕೇರಳ ಸೇರುತ್ತದೆ. ನೀರು ನೆತ್ತಿಯ ಯಾವ ಬದಿಗೆ ಬಿತ್ತು ಅನ್ನುವುದರ ಮೇಲೆ ಅದು ಯಾವ ಸಮುದ್ರಕ್ಕೆ ಹೋಗುತ್ತದೆ ಅನ್ನುವುದು ನಿಂತಿದೆ.

ಸಾಹಿತ್ಯದ ರೌಂಡಿನಲ್ಲಿ ಕೊಡಗಿನ ಮಕ್ಕಳು ಎಡವುವ ಒಂದು ಜಾಗ ಇದೆ, ಗೌರಮ್ಮ. ಒಬ್ಬರು ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು. 1852ರಲ್ಲಿ ಲಂಡನ್ನಿನಲ್ಲಿ ಕ್ರೈಸ್ತಳಾಗಿ, ವಿಕ್ಟೋರಿಯಾ ರಾಣಿಯನ್ನೇ ಧರ್ಮಮಾತೆಯಾಗಿ ಪಡೆದವಳು. ಇನ್ನೊಬ್ಬರು 1912ರಲ್ಲಿ ಹುಟ್ಟಿದ ಕತೆಗಾರ್ತಿ ಕೊಡಗಿನ ಗೌರಮ್ಮ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ನಮ್ಮ ಮನೆಗೂ ಬರಬೇಕು ಅಂತ ಉಪವಾಸ ಕೂತು, ಬಂದಾಗ ಒಡವೆ ಬಿಚ್ಚಿ ಕೊಟ್ಟವರು. ಹೆಸರು ಒಂದೇ, ಇಬ್ಬರ ನಂಟೂ ಕೊಡಗಿನದೇ, ಆದ್ದರಿಂದ ಒಂದು ನೆನಪು ಇನ್ನೊಂದನ್ನು ತಳ್ಳಿ ಮುಂದೆ ಬರುತ್ತದೆ. ಒಬ್ಬ ಹುಡುಗ ಪೂರ್ತಿ ಧೈರ್ಯದಿಂದ ಗಾಂಧೀಜಿಗೆ ಒಡವೆ ಕೊಟ್ಟವಳು ರಾಜಕುಮಾರಿ ಅನ್ನುತ್ತಾನೆ. ನಗಬೇಡಿ. ಬಟರ್‌ಫೀಲ್ಡ್ ಮತ್ತು ಮೆಟ್‌ಕಾಫ್ ಎಂಬ ಇಬ್ಬರು ಮನೋವಿಜ್ಞಾನಿಗಳು 2001ರಲ್ಲಿ ತೋರಿಸಿದ್ದು ಇದನ್ನೇ: ಸಂಶಯದಿಂದ ಹೇಳಿದ ತಪ್ಪಿಗಿಂತ, ಗ್ಯಾರಂಟಿ ಸರಿ ಅಂದುಕೊಂಡು ಹೇಳಿದ ತಪ್ಪು ತಿದ್ದಿದ ಮೇಲೆ ಚೆನ್ನಾಗಿ ಸರಿಹೋಗುತ್ತದೆ. ಆಘಾತವಾದಾಗ ಗಮನ ಪೂರ್ತಿ ಅತ್ತ ತಿರುಗುತ್ತದೆ. ಹಾಗಾಗಿ ನೆಗೆಟಿವ್ ಅಂಕದ ಪದ್ಧತಿ ಶಾಲೆಯ ಮಕ್ಕಳಿಗೆ ಬೇಡ ಅನ್ನುತ್ತೇನೆ. ತಪ್ಪು ಹೇಳಲು ಹೆದರಿ ಬಾಯಿ ಮುಚ್ಚಿಕೊಂಡ ಮಗುವಿಗೆ ಈ ಲಾಭ ಇಲ್ಲ.

ಪ್ರಶ್ನೆ ಬರೆಯುವವರಿಗೂ ಒಂದು ಶಿಸ್ತು ಬೇಕು. ಕೊಡವರ ಕಕ್ಕಡ ತಿಂಗಳ 18, ಅಂದರೆ ಆಗಸ್ಟ್ 3ರ ಸುಮಾರಿಗೆ ಮದ್ದ್ ತೊಪ್ಪು ಎಂಬ ಔಷಧಿ ಸೊಪ್ಪಿನ ಪಾಯಸ ಮಾಡುತ್ತೇವೆ. ಅದರಲ್ಲಿ ಎಷ್ಟು ಬಗೆಯ ಔಷಧ ಇದೆ, ಹದಿನೆಂಟು ಅಂತ ಕ್ವಿಜ್‌ನಲ್ಲಿ ಕೇಳುವುದುಂಟು. ಹದಿನೆಂಟು ಅನ್ನುವುದು ನಮ್ಮ ನಂಬಿಕೆ, ಪ್ರೀತಿಯ ನಂಬಿಕೆ. ಅದನ್ನು ವಿಜ್ಞಾನ ರೌಂಡಿನಲ್ಲಿ ಹಾಕಬಾರದು. ಪಾಯಸದ ನೇರಳೆ ಬಣ್ಣ, ತಿಂದ ಮೇಲೆ ಮೂತ್ರ ಕೆಂಪಾಗುವುದು, ಇವು ಎಲ್ಲರೂ ಕಂಡ ವಿಷಯ. ಕೇಳುವುದಿದ್ದರೆ ಅದನ್ನು ಕೇಳಿ. ಅಥವಾ ಪಂದಿಕರಿಗೆ, ಅಂದರೆ ನಮ್ಮ ಹಂದಿಮಾಂಸದ ಅಡುಗೆಗೆ, ಹಾಕುವ ಕಾಚಂಪುಳಿಯ ಬಗ್ಗೆ ಕೇಳಿ. ಬುಟ್ಟಿಯಲ್ಲಿಟ್ಟ ಹಣ್ಣಿನಿಂದ ತೊಟ್ಟಿಕ್ಕಿದ ರಸವನ್ನು ಕಪ್ಪಗೆ ಗಟ್ಟಿಯಾಗುವ ತನಕ ಕುದಿಸಿ ಇಟ್ಟುಕೊಳ್ಳುತ್ತೇವಲ್ಲ, ಆ ಹುಳಿ ಯಾವುದರದು? ಸಿಟ್ರಿಕ್ ಮತ್ತು ಟಾರ್ಟಾರಿಕ್ ಆಮ್ಲ ಅಂತಲೇ ಬಹಳ ಕಾಲ ತಿಳಿದಿದ್ದರು. ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಅಂತ 1965ರಲ್ಲಿ ಪ್ರಕಟಿಸಿದವರು ಲೂಯಿಸ್ ಮತ್ತು ನೀಲಕಂಠನ್, ನಮ್ಮ ಪಕ್ಕದ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಕೆಲಸ ಮಾಡಿ. ಪಂದಿಕರಿಯ ಪಾತ್ರೆಯಿಂದ ಪ್ರಯೋಗಾಲಯಕ್ಕೆ ಎಷ್ಟು ಹತ್ತಿರದ ದಾರಿ ನೋಡಿ.

ಇನ್ನು ತಯಾರಿಯ ಮಾತು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಅಳೆದು 1885ರಲ್ಲೇ ಪುಸ್ತಕ ಬರೆದ. ಒಂದೇ ದಿನ ಒತ್ತಿ ಓದುವುದಕ್ಕಿಂತ, ಕೆಲವು ದಿನಗಳಿಗೆ ಹಂಚಿ ಓದಿದರೆ ಕಡಿಮೆ ಶ್ರಮದಲ್ಲಿ ಹೆಚ್ಚು ಉಳಿಯುತ್ತದೆ ಅಂತ ಆಗಲೇ ಕಂಡುಕೊಂಡಿದ್ದ. ಶಾಲೆಗಳಿಗೆ ನಾನು ಈಗ ಹೇಳುವುದು ಇಷ್ಟೇ. ಸ್ಪರ್ಧೆಯ ಹಿಂದಿನ ವಾರ ದಪ್ಪ ಪುಸ್ತಕ ಹಂಚಬೇಡಿ. ದಿನಕ್ಕೆರಡು ಪ್ರಶ್ನೆ ಬೆಳಿಗ್ಗೆ ಬೋರ್ಡಿನ ಮೇಲೆ ಬರೆಯಿರಿ, ಉತ್ತರ ಸಂಜೆ ಹೇಳಿ. ಮಕ್ಕಳು ಊಟದ ಹೊತ್ತಿನಲ್ಲಿ ಜಗಳವಾಡಲಿ. ಸ್ಪರ್ಧೆ ಮುಗಿದ ಮೇಲೂ ಪ್ರಶ್ನೆಗಳನ್ನು ಎಸೆಯಬೇಡಿ. ವಾರ ಬಿಟ್ಟು ಅವನ್ನೇ ಇಡೀ ತರಗತಿಗೆ ಕೇಳಿ, ತಿಂಗಳು ಬಿಟ್ಟು ಇನ್ನೊಮ್ಮೆ. ವೇದಿಕೆ ಹತ್ತಿದ್ದು ನಾಲ್ಕೇ ಮಕ್ಕಳು, ಕೆಳಗೆ ಕೂತ ನಾನೂರು ಮಕ್ಕಳಿಗೂ ಆ ಪ್ರಶ್ನೆ ಸೇರಿದ್ದು. ಉತ್ತರದ ಹಾಳೆ ಅಲ್ಲಿಯ ತನಕ ಶಿಕ್ಷಕರ ಮೇಜಿನ ಡ್ರಾಯರ್‌ನಲ್ಲಿರಲಿ.